ದೂರು ಬೇಕಾಗಿದೆ

ಎಲ್ಲಾ ಶುರುವಾದದ್ದು ಒಂದು ಕೆಂಪು ಚುಕ್ಕೆಯಿಂದ. ಮೂಗಿನ ಮೇಲೆ ಎದ್ದ ಚುಕ್ಕೆಯಾಗಿದ್ದರೆ ಮುಲಾಮು ಹಚ್ಚಿ ಸುಮ್ಮನಿರಬಹುದಿತ್ತು. ಇದು ಎದ್ದದ್ದು ಏಣಿ ಕಾರ್ಖಾನೆಯ ಅಂಗಳದಲ್ಲಿ, ಗೋಡೆಯಷ್ಟು ದೊಡ್ಡ ಪರದೆಯ ಮೇಲೆ, ಎಲ್ಲರ ಕಣ್ಣೆದುರಿಗೆ. ಅದೂ ‘ದೂರು ವಿಭಾಗ’ ಎಂಬ ಹೆಸರಿನ ಪಕ್ಕದಲ್ಲೇ.

ದೂರು ವಿಭಾಗವೆಂದರೆ ಒಂದು ಕೋಣೆ, ಒಂದು ಮೇಜು, ಒಂದು ಫ್ಯಾನು, ಜೊತೆಗೆ ದೂರಪ್ಪ. ಕಾರ್ಖಾನೆಯವರೆಲ್ಲ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಕೊಂಡ ಏಣಿಯಲ್ಲಿ ಏನಾದರೂ ಕೊರತೆಯಿದೆಯೆಂದು ಗಿರಾಕಿಗಳು ಹೇಳಿದರೆ ಕೇಳಿಸಿಕೊಂಡು, ಸಮಾಧಾನ ಮಾಡಿ, ಸರಿಪಡಿಸಿ ಕೊಡುವುದು ಅವನ ಕೆಲಸ. ಆದರೆ ಅಲ್ಲಿ ತಯಾರಾಗುವ ಮಡಚುವ ಏಣಿಗಳು ಎಂಥವೆಂದರೆ, ಒಮ್ಮೆ ಮನೆಗೆ ಬಂದವು ಮೊಮ್ಮಕ್ಕಳ ಕಾಲಕ್ಕೂ ಅಲುಗುತ್ತಿರಲಿಲ್ಲ. ಹಾಗಾಗಿ ದೂರಪ್ಪನ ದಿನಗಳು ಸೋಪು ಹಚ್ಚಿದ ನೆಲದ ಮೇಲೆ ಹೋದಂತೆ ಜಾರಿ ಹೋಗುತ್ತಿದ್ದವು. ಬೆಳಿಗ್ಗೆ ಪತ್ರಿಕೆಯ ಪದಬಂಧ, ಮಧ್ಯಾಹ್ನ ಕಣ್ಣು ಮುಚ್ಚಿಕೊಂಡು ಆಳವಾದ ಯೋಚನೆ, ಆಮೇಲೆ ಟೀ. ಅಪರೂಪಕ್ಕೆ ಫೋನು ಬಡಿದುಕೊಂಡರೆ ಅದು ಇನ್ನಾರಿಗೋ ಬಂದದ್ದು.

ಈ ಸುಖಕ್ಕೆ ಕಲ್ಲು ಹಾಕಿದ್ದು ಹೊಸ ಸಾಫ್ಟ್‌ವೇರು. ಕೊಯ್ಯುವ ವಿಭಾಗ, ಜೋಡಿಸುವ ವಿಭಾಗ, ಉಜ್ಜುವ ವಿಭಾಗ, ದೂರು ವಿಭಾಗ ಹೀಗೆ ಯಾರ ಕೈಯಲ್ಲಿ ಎಷ್ಟು ಕೆಲಸವಿದೆ ಎಂದು ಅದು ಕ್ಷಣಕ್ಷಣವೂ ಪರದೆಯ ಮೇಲೆ ತೋರಿಸುತ್ತಿತ್ತು. ಕೆಲಸವಿದ್ದವರಿಗೆ ಹಸಿರು ಚುಕ್ಕೆ, ಇಲ್ಲದವರಿಗೆ ಕೆಂಪು. ಯಜಮಾನರಿಗಂತೂ ಹೊಸ ಗಿಲಕಿ ಸಿಕ್ಕ ಕೂಸಿನ ಸಂಭ್ರಮ. ಅದನ್ನು ಫೋನಿನಲ್ಲಿ ನೋಡುತ್ತಲೇ ಉಣ್ಣುತ್ತಿದ್ದರು, ನೋಡುತ್ತಲೇ ಮೆಟ್ಟಿಲು ತಪ್ಪುತ್ತಿದ್ದರು.

“ಮೇಡಮ್, ಎಲ್ಲಾ ಕಡೆ ಹಸಿರಾಗಿದೆ, ಇಲ್ಲೊಂದು ಮಾತ್ರ ಯಾಕೆ ಕೆಂಪು?” ಎಂದು ಅವರು ಸಾಫ್ಟ್‌ವೇರ್ ಕೂರಿಸಲು ಬಂದಿದ್ದ ಹೆಂಗಸನ್ನು ಕೇಳಿದರು.

“ಅಲ್ಲಿ ಕೆಲಸ ಇಲ್ಲ ಸರ್. ಸಂಜೆ ಸೈರನ್ ಆಗೋವರೆಗೂ ಹೀಗೇ ಇದ್ರೆ ಸಿಸ್ಟಮ್ಮೇ ಆ ವಿಭಾಗ ಮುಚ್ಚಿಬಿಡುತ್ತೆ. ಅಲ್ಲಿರೋರನ್ನ ಜನ ಕಮ್ಮಿ ಇರೋ ಕಡೆ ಹಾಕುತ್ತೆ.”

“ಎಲ್ಲಿ ಕಮ್ಮಿ ಇದಾರೆ?”

“ಉಜ್ಜೋ ವಿಭಾಗದಲ್ಲಿ.”

ಹಿಂದೆಯೇ ನಿಂತು ಕೇಳಿಸಿಕೊಂಡ ದೂರಪ್ಪ ಕೈಯಲ್ಲಿದ್ದ ಟೀ ಕೆಳಗಿಟ್ಟ. ಉಜ್ಜುವ ವಿಭಾಗದಲ್ಲಿ ಇಡೀ ದಿನ ನಿಂತುಕೊಂಡು ಏಣಿಯ ಅಂಚುಗಳನ್ನು ಅರದಿಂದ ತಿಕ್ಕಿ ನುಣುಪು ಮಾಡಬೇಕು. ಅಲ್ಲಿ ಫ್ಯಾನಿಲ್ಲ, ಕುರ್ಚಿಯಿಲ್ಲ, ಕರ್ಕಶ ಸದ್ದಿನಲ್ಲಿ ಪದಬಂಧವಿರಲಿ ಸ್ವಂತ ಹೆಸರೂ ಹೊಳೆಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿನ ಮೇಸ್ತ್ರಿ ಅವನ ಹೆಂಡತಿಯ ಅಣ್ಣ. ಆ ಮಹಾಶಯ ಆಗಲೇ ಮೀಸೆಯಡಿ ನಗುತ್ತ ಪಕ್ಕಕ್ಕೆ ಬಂದು ನಿಂತಿದ್ದ.

“ಬನ್ನಿ ಭಾವನೋರೇ, ಬನ್ನಿ. ನಿಮಗೇಂತ ಒಂದು ಒಳ್ಳೇ ಅರ ಎತ್ತಿಟ್ಟಿದೀನಿ. ತಂಗಿ ಪಾಪ ಹೇಳ್ತಾನೇ ಇರ್ತಾಳೆ, ನಮ್ಮನೆಯವರಿಗೆ ಮೈ ಬಗ್ಗಲ್ಲ ಅಂತ. ನಾನು ಬಗ್ಗಿಸ್ತೀನಿ ಬನ್ನಿ.”

“ಇನ್ನೂ ಸಂಜೆ ಆಗಿಲ್ಲ ಭಾವ. ಒಂದೇ ಒಂದು ದೂರು ಬಂದ್ರೆ ಸಾಕು,” ಎಂದ ದೂರಪ್ಪ.

“ಬರ್ಲಿ ಬರ್ಲಿ. ಅರ ಎಲ್ಲೂ ಓಡಿಹೋಗಲ್ಲ.”

ಪ್ರತಿ ಏಣಿಯ ಮೇಲೂ ಚೌಕಾಕಾರದ ಒಂದು ಚೀಟಿ ಅಂಟಿಸಿತ್ತು. ಗಿರಾಕಿ ಅದಕ್ಕೆ ಫೋನು ಹಿಡಿದರೆ ದೂರು ಹೇಳುವ ಕಿಟಕಿ ತೆರೆದುಕೊಳ್ಳುತ್ತಿತ್ತು. ದೂರಪ್ಪ ಒಂದು ಏಣಿಯನ್ನು ಮರೆಗೆ ಎಳೆದುಕೊಂಡು ಹೋಗಿ ತನ್ನದೇ ಫೋನು ಹಿಡಿದ. “ನೀವು ನಮ್ಮ ನೌಕರರು. ನಿಮ್ಮಿಂದ ದೂರು ಬೇಡ, ಕೆಲಸ ಸಾಕು” ಎಂದು ಫೋನು ಅವನಿಗೇ ಬುದ್ಧಿ ಹೇಳಿತು. ಬೇರೆ ದಾರಿಯಿಲ್ಲದೆ, ಹತ್ತಿರದ ಗಿರಾಕಿಗಳು ಯಾರ್ಯಾರೆಂದು ನೋಡಿಕೊಂಡು ಬೀದಿಗಿಳಿದ. ಹೆಣ್ಣು ಹುಡುಕುವವರು ಹೀಗೆ ಮನೆಮನೆ ಅಲೆಯುವುದುಂಟು. ದೂರು ಹುಡುಕಿಕೊಂಡು ಅಲೆದವನು ಇವನೊಬ್ಬನೇ ಇರಬೇಕು.

ಮೊದಲು ಸಿಕ್ಕವನು ಬಣ್ಣ ಬಳಿಯುವವನು. ಮೂಲೆಮನೆಯ ಗೋಡೆಗೆ ಏಣಿ ಆನಿಸಿ, ತುದಿಯಲ್ಲಿ ನಿಂತು ಹಾಡಿಕೊಳ್ಳುತ್ತ ಹಸಿರು ಬಣ್ಣ ಹಚ್ಚುತ್ತಿದ್ದ.

“ಯಜಮಾನ್ರೇ, ನಾನು ಏಣಿ ಕಾರ್ಖಾನೆಯೋನು. ಏಣಿ ಹೇಗಿದೆ?”

“ಏಣಿನಾ ಅಣ್ಣ ಇದು? ಹೆತ್ತ ತಾಯಿ! ಇಡೀ ದಿನ ಹೊತ್ಕೊಂಡಿರ್ತಾಳೆ, ಒಂದು ಮಾತು ಅನ್ನಲ್ಲ.”

“ಸ್ವಲ್ಪನಾದ್ರೂ ಅಲ್ಲಾಡುತ್ತಾ?”

“ಇಲ್ಲ.”

“ಕಿರ್ ಅನ್ನುತ್ತಾ?”

“ಅಂದ್ರೆ ನನಗೂ ಜೊತೆ ಆಗ್ತಿತ್ತು. ಅನ್ನಲ್ಲ.”

“ಮನಸ್ಸು ಮಾಡಿ ಯೋಚ್ನೆ ಮಾಡಿ ಅಣ್ಣ. ಏನಾದ್ರೂ ಒಂದು ಇದ್ದೇ ಇರುತ್ತೆ. ಹೀಗೆ ಅಲ್ಲಾಡಿಸಿದ್ರೆ…” ಎನ್ನುತ್ತ ದೂರಪ್ಪ ಏಣಿಯ ಎರಡೂ ಕಾಲು ಹಿಡಿದು ಮಾವಿನ ಮರ ಕುಲುಕುವವನಂತೆ ಕುಲುಕಿದ.

ಏಣಿ ಜಗ್ಗಲಿಲ್ಲ. ಜಗ್ಗಿದ್ದು ಅದರ ಕೊಕ್ಕೆಯಲ್ಲಿ ತೂಗುತ್ತಿದ್ದ ಬಣ್ಣದ ಡಬ್ಬಿ. ಅದು ಮೇಲಿನಿಂದ ನೆಟ್ಟಗೆ ಬಂದು ದೂರಪ್ಪನ ತಲೆಯ ಮೇಲೆ ಟೋಪಿಯಂತೆ ಕೂತಿತು. ಪರದೆಯ ಮೇಲಿನ ಚುಕ್ಕೆ ಹಸಿರಾಗುವ ಬದಲು ಅವನೇ ಹಸಿರಾದ.

“ಅಯ್ಯೋ ನನ್ನ ಬಣ್ಣ! ಹುಚ್ಚು ಗಿಚ್ಚು ಹಿಡಿದಿದೆಯೇನಯ್ಯಾ ನಿನಗೆ?”

“ಸಿಟ್ಟು ಬಂತಾ? ಒಳ್ಳೇದಾಯ್ತು!” ಡಬ್ಬಿಯೊಳಗಿಂದ ಸಂತೋಷದ ದನಿ ಬಂತು. “ತೆಗೀರಿ ನಿಮ್ಮ ಫೋನು, ಕೊಡಿ ದೂರು!”

“ಏಣಿ ಮೇಲೆ ಯಾಕೆ ಕೊಡ್ಲಿ? ಬೆಟ್ಟದ ಹಾಗೆ ನಿಂತಿದೆ ಅದು! ಹೋಗ್ತೀಯೋ, ಇಳಿದು ಬರ್ಲೋ?”

ಅವನು ಇಳಿಯುವುದರೊಳಗೆ ದೂರಪ್ಪ ಬೀದಿಯ ತಿರುವಿನಲ್ಲಿದ್ದ.

ಮುಂದಿನ ಬೀದಿಯಲ್ಲಿ ಗ್ರಂಥಾಲಯ. ಸೊಳ್ಳೆ ಹಾರಿದರೂ ಕೇಳುವಷ್ಟು ನಿಶ್ಶಬ್ದ. ಅಲ್ಲಿನ ಮೇಲ್ವಿಚಾರಕಿ ಕನ್ನಡಕದ ಮೇಲಿಂದ, ತಲೆಯಿಂದ ಕಾಲಿನವರೆಗೆ ಹಸಿರಾಗಿ ನಿಂತ ಮನುಷ್ಯನನ್ನು ನೋಡಿ, “ತೋಟಗಾರಿಕೆ ಪುಸ್ತಕ ಎಡಗಡೆ ಇದೆ,” ಎಂದು ಪಿಸುಗುಟ್ಟಿದರು.

“ಪುಸ್ತಕ ಬೇಡಮ್ಮ. ದೂರು ಬೇಕು. ನಿಮ್ಮ ಏಣಿ ಮೇಲೆ,” ದೂರಪ್ಪನೂ ಪಿಸುಗುಟ್ಟಿದ.

“ಏಣಿ ಚೆನ್ನಾಗಿದೆಯಲ್ಲ.”

“ನೀವು ತೂಕ ಇಲ್ಲದೋರು ತಾಯಿ, ನಿಮಗೆ ಗೊತ್ತಾಗಲ್ಲ. ನಾನು ಹತ್ತಿ ತೋರಿಸ್ತೀನಿ.”

ಬೇಡ ಬೇಡವೆನ್ನುವಷ್ಟರಲ್ಲಿ ಹತ್ತಿಯೇಬಿಟ್ಟ. ಮೇಲಿನ ಮೆಟ್ಟಿಲ ಮೇಲೆ ನಿಂತು ಮೊದಲು ಮೆಲ್ಲಗೆ ಕುಣಿದ. ಆಮೇಲೆ ಜೋರಾಗಿ ಕುಣಿದ. ಆಮೇಲೆ ಎರಡೂ ಕಾಲು ಎತ್ತಿ ಧೊಪ್ಪೆಂದು ಕುಪ್ಪಳಿಸಿದ. ಏಣಿ, ಹಠಮಾರಿ ಹೆಣ್ಣುಮಗಳಂತೆ, ಅಲ್ಲೇ ನಿಂತಿತ್ತು. ಆಯತಪ್ಪಿದ ದೂರಪ್ಪ ಆಸರೆಗೆಂದು ಕಪಾಟು ಹಿಡಿದ. ಕಪಾಟು ಅವನನ್ನು ನಂಬಿ ಬಂತು. ನಿಘಂಟುಗಳು, ವಿಶ್ವಕೋಶಗಳು, ದಪ್ಪ ದಪ್ಪ ಜೀವನಚರಿತ್ರೆಗಳು ದಬದಬನೆ ಸುರಿದವು. ಓದುತ್ತ ಕೂತಿದ್ದವರೆಲ್ಲ ಒಟ್ಟಿಗೆ “ಶ್!” ಎಂದರು.

ಮೇಲ್ವಿಚಾರಕಿ ಧೂಳಿನ ನಡುವಿನಿಂದ ತಡಕಾಡುತ್ತ ಬಂದು ಏಣಿಯನ್ನು ಸವರಿ ನೋಡಿದರು. “ಸದ್ಯ, ಏಣಿಗೆ ಏನೂ ಆಗಿಲ್ಲ,” ಎಂದರು. ಪುಸ್ತಕಗಳ ಅಡಿಯಲ್ಲಿದ್ದ ದೂರಪ್ಪನಿಗೆ ಅಳು ಬಂತು.

ಬಿಸಿಲು ಇಳಿಯುತ್ತಿತ್ತು. ಉಳಿದದ್ದು ಒಂದೇ ಆಸೆ: ಮನೆಯಲ್ಲಿರುವ ಸೋದರತ್ತೆ.

ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅತ್ತೆಯೇ. ಆಕೆ ದೂರು ಹೇಳದ ವಸ್ತು ಭೂಮಿಯ ಮೇಲಿರಲಿಲ್ಲ. ದಿಂಬು ಎತ್ತರವಾಯಿತು, ಹಾಸಿಗೆ ತಗ್ಗಾಯಿತು, ನಲ್ಲಿ ನೀರು ಒದ್ದೆ, ಸೂರ್ಯ ಕಿಟಕಿಯಿಂದ ಕೇಳದೆ ಒಳಗೆ ಬರುತ್ತಾನೆ. ಇಂಥ ಗಣಿ ಮನೆಯಲ್ಲೇ ಇರುವಾಗ ಊರೆಲ್ಲ ಅಲೆದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡು ದೂರಪ್ಪ ಮನೆಗೆ ಓಡಿದ.

ಅತ್ತೆ ಅಟ್ಟದ ಮೇಲಿದ್ದಳು. ಹಳೇ ಕಂಬಳಿ ಹುಡುಕಲು ಕಾರ್ಖಾನೆಯ ಏಣಿಯನ್ನೇ ಹಾಕಿಕೊಂಡು ಹತ್ತಿದ್ದಳು.

“ಅತ್ತೆ, ಈ ಏಣಿ ಮೇಲೆ ಒಂದು ದೂರು ಹೇಳು.”

“ಏನೋ ಅವತಾರ ಇದು! ಗಿಳಿ ಆಗಿದೀಯಲ್ಲೋ!”

“ಅದೆಲ್ಲ ಆಮೇಲೆ. ಬೇಗ ಒಂದು ದೂರು ಕೊಡು ಅತ್ತೆ, ನನ್ನ ಕೆಲಸ ಹೋಗುತ್ತೆ.”

ಅತ್ತೆ ಅಟ್ಟದಂಚಿಗೆ ಬಂದು ಕೂತು, ಜೀವನದಲ್ಲಿ ಮೊದಲ ಸಲ ಗಹನವಾಗಿ ಯೋಚಿಸಿದಳು. “ಇಲ್ಲ ಕಣೋ. ಈ ಏಣಿ ಒಂದೇ ನೋಡು, ಈ ಮನೇಲಿ ನೆಟ್ಟಗಿರೋದು. ಸುಳ್ಳು ಹೇಳಿ ನನಗೆ ಅಭ್ಯಾಸ ಇಲ್ಲ.”

“ನಿನ್ನೆ ಚಂದ್ರ ವಾರೆ ಇದಾನೆ ಅಂದ್ಯಲ್ಲ!”

“ವಾರೆ ಇದ್ದ. ಅಂದೆ.”

ದೂರಪ್ಪನ ತಾಳ್ಮೆ ಹರಿಯಿತು. “ಹಾಗಾದ್ರೆ ಹಾಳು ಮಾಡೇ ತೋರಿಸ್ತೀನಿ,” ಎಂದು ಏಣಿಯನ್ನು ಎಳೆದುಕೊಂಡು ಅಂಗಳಕ್ಕೆ ಹೋದ. ಅತ್ತೆ ಅಟ್ಟದಲ್ಲೇ ಉಳಿದಳು.

ಅಂಗಳದಲ್ಲಿ ಏಣಿಯನ್ನು ಮಲಗಿಸಿ ಮೇಲೆ ಕುಣಿದ. ಕಲ್ಲು ಎತ್ತಿ ಹಾಕಿದ, ಕಲ್ಲು ಎರಡಾಯಿತು. ಸುತ್ತಿಗೆ ತಂದು ಬಡಿದ, ಸುತ್ತಿಗೆಯ ತಲೆ ಹಾರಿ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರ ಹೂಕುಂಡಕ್ಕೆ ಬಿತ್ತು. ಮಾಸ್ತರರು ಓಡಿ ಬಂದರು. ಅವರ ಹಿಂದೆ ಅಕ್ಕಪಕ್ಕದವರು ಬಂದರು.

“ಏನಾಯ್ತಪ್ಪ? ಹಾವಾ?”

“ಏಣಿಗೆ ಯಾಕ್ರೀ ಹೊಡೀತಾ ಇದಾನೆ?”

“ಒಳಗಡೆಯಿಂದ ಮುದುಕಿ ಕೂಗ್ತಾ ಇದೆ ಕೇಳ್ರಪ್ಪ!”

ನಿಜವೇ. ಒಳಗಿಂದ ಅತ್ತೆಯ ದನಿ ಹೆಂಚು ಹಾರಿಸುವಂತೆ ಬರುತ್ತಿತ್ತು. “ಲೋ! ನನ್ನ ಅಟ್ಟದ ಮೇಲೆ ಬಿಟ್ಟು ಏಣಿ ತಗೊಂಡು ಹೋದ್ಯೇನೋ! ಇರು, ನಿನ್ನ ಕಾರ್ಖಾನೆಗೇ ಹೇಳ್ತೀನಿ. ದೂರು ಕೊಡದೇ ಬಿಡಲ್ಲ!”

ದೂರಪ್ಪನ ಕಿವಿಗೆ ಇದಕ್ಕಿಂತ ಇಂಪಾದ ಮಾತು ಹಿಂದೆಂದೂ ಬಿದ್ದಿರಲಿಲ್ಲ. ಏಣಿಯನ್ನು ಹೊತ್ತುಕೊಂಡು ಒಳಗೆ ಹಾರಿದ. “ಕೊಡತ್ತೆ, ಕೊಡು! ಫೋನು ಇದೆಯಾ? ಸೊಂಟದಲ್ಲಿದೆಯಾ? ಇಗೋ ಚೀಟಿ, ಇದಕ್ಕೆ ಹಿಡಿ!” ಎಂದು ಏಣಿಯನ್ನು ತಲೆಯ ಮೇಲೆತ್ತಿ, ಚೌಕದ ಚೀಟಿ ಅವಳ ಮೂಗಿಗೆ ತಾಗುವಂತೆ ಹಿಡಿದ. ಅತ್ತೆಯ ಫೋನು ಟಿಣ್ ಎಂದಿತು. ಬರೆಯುವ ಕಷ್ಟ ಬೇಕಿಲ್ಲ, ಬಾಯಲ್ಲಿ ಹೇಳಿದರೂ ಸಾಕೆಂದು ಫೋನು ತಿಳಿಸಿತು. ಅತ್ತೆ ಗಂಟಲು ಸರಿಮಾಡಿಕೊಂಡಳು. ನೆರೆಹೊರೆಯವರು ಬಾಗಿಲಲ್ಲಿ ಗುಂಪುಗೂಡಿ, ಸಂಗೀತ ಕಛೇರಿಗೆ ಬಂದವರಂತೆ ತಲೆದೂಗತೊಡಗಿದರು.

ದೂರಪ್ಪ ಪೂರ್ತಿ ಕೇಳಲು ನಿಲ್ಲಲಿಲ್ಲ. ಸೈರನ್ನಿಗೆ ಮೊದಲು ತನ್ನ ಚುಕ್ಕೆಯನ್ನು ಕಣ್ಣಾರೆ ನೋಡಬೇಕಿತ್ತು. ಏಣಿಯನ್ನು ಮಾಸ್ತರರ ಕೈಗೆ ಕೊಟ್ಟು, “ಅತ್ತೇನ ಇಳಿಸ್ಕೊಳ್ಳಿ ಸಾರ್,” ಎಂದು ಓಡಿದ. ಬಸ್ಸಿನವನು ಹಸಿರು ಮನುಷ್ಯನನ್ನು ಹತ್ತಿಸಿಕೊಳ್ಳಲಿಲ್ಲ. ಆಟೋದವನು ಸೀಟು ತೋರಿಸಿ ಕೈ ಮುಗಿದ. ನಡೆದೇ ಹೋಗಬೇಕಾಯಿತು. ಆದರೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಕಾರ್ಖಾನೆಯ ಗೇಟು ದಾಟುತ್ತಿದ್ದಂತೆ ಸೈರನ್ ಕೂಗಿತು. ದೂರಪ್ಪ ಪರದೆ ನೋಡಿದ. ದೂರು ವಿಭಾಗ ಹಸಿರು! ಬರೀ ಹಸಿರಲ್ಲ, ಬೇರೆ ವಿಭಾಗಗಳ ಚುಕ್ಕೆಗಳು ಸಾಸಿವೆಯಾದರೆ ಇದು ಕುಂಬಳಕಾಯಿ. ಒಂದು ದೂರು ಕೇಳಿದವನಿಗೆ ರಾಶಿ ದೂರು! ಅಂಗಳದಲ್ಲಿ ಅವನು ಎರಡು ಸುತ್ತು ಕುಣಿದೇಬಿಟ್ಟ. ಯಜಮಾನರು ಎದುರು ಬಂದು, ಕೈ ಕುಲುಕಲು ಹೋಗಿ, ಬಣ್ಣ ನೋಡಿ ಕೈ ಹಿಂದಕ್ಕೆಳೆದುಕೊಂಡರು.

“ಅದ್ಭುತ ಕಣಯ್ಯಾ! ಇಷ್ಟು ಕೆಲಸ ಇರೋ ವಿಭಾಗ ಮುಚ್ಚೋದುಂಟೇ? ಹೊಸ ಮೇಜು ಹಾಕಿಸ್ತಿದೀನಿ. ಇನ್ನೊಂದು ಫ್ಯಾನೂ ಬರುತ್ತೆ.”

“ನಿಮ್ಮ ಆಶೀರ್ವಾದ ಸಾರ್. ನಾನು ಕೋಣೆಗೆ ಹೋಗಿ ಕೂತ್ಕೋತೀನಿ.”

“ಒಂದು ನಿಮಿಷ,” ಎಂದು ಸಾಫ್ಟ್‌ವೇರ್ ಹೆಂಗಸು ಅಡ್ಡ ಬಂದಳು. “ನೀವು ಅಲ್ಲಿ ಕೂರೋ ಹಾಗಿಲ್ಲ. ಯಾರ ಮೇಲೆ ದೂರು ಬಂದಿದೆಯೋ ಅವರು ದೂರು ವಿಭಾಗದಲ್ಲಿ ಇರಬಾರದು. ಸಿಸ್ಟಮ್ ಒಪ್ಪಲ್ಲ.”

“ದೂರು ಬಂದಿರೋದು ಏಣಿ ಮೇಲಲ್ಲವಾ ಮೇಡಮ್?”

ಅವಳು ಫೋನು ಎತ್ತಿ ಓದಿದಳು. “ಬಣ್ಣದವರು: ‘ಏಣಿ ಚಿನ್ನ. ಅದರ ಜೊತೆ ಕಳಿಸಿದ ಮನುಷ್ಯನನ್ನು ವಾಪಸು ತಗೊಳ್ಳಿ.’ ಗ್ರಂಥಾಲಯದವರು: ‘ಏಣಿಗೆ ಧನ್ಯವಾದ. ಹಸಿರು ವ್ಯಕ್ತಿಯ ಮೇಲೆ ಕ್ರಮ ಕೈಗೊಳ್ಳಿ.’ ನಿಮ್ಮ ಎದುರುಮನೆ ಮಾಸ್ತರರು: ‘ಕಲ್ಲು, ಸುತ್ತಿಗೆ, ಹೂಕುಂಡ ಒಡೆದವು, ಏಣಿ ಒಡೆಯಲಿಲ್ಲ. ಇವನನ್ನೂ ಅದೇ ಯಂತ್ರದಲ್ಲಿ ಮಾಡಿಸಬಾರದಿತ್ತೇ?’ ನಿಮ್ಮ ಬೀದಿಯವರೆಲ್ಲ ಆ ಚೀಟಿಗೇ ಫೋನು ಹಿಡಿದು ಒಬ್ಬರಾದಮೇಲೆ ಒಬ್ಬರು ಕೊಟ್ಟಿದ್ದಾರೆ. ಎಲ್ಲಾ ನಿಮ್ಮ ಮೇಲೇ.”

ದೂರಪ್ಪ ತನ್ನ ಕೋಣೆಯತ್ತ ಕತ್ತು ಚಾಚಿದ.

“ಹಾಗಾದ್ರೆ… ನನ್ನ ಕೋಣೇಲಿ ಯಾರು?”

“ಅದೇ ಒಂದು ಭಾಗ್ಯ ನೋಡು,” ಎಂದರು ಯಜಮಾನರು, ಕಣ್ಣು ಅರ್ಧ ಮುಚ್ಚಿ. “ಒಬ್ಬ ತಾಯಿಯ ದೂರು ಬಂತು. ದೂರೂಂದ್ರೆ ಅದು! ಎಲ್ಲಿ ಶುರುವಾಗಬೇಕೋ ಅಲ್ಲಿ ಶುರು, ಎಲ್ಲಿ ಏರಬೇಕೋ ಅಲ್ಲಿ ಏರು. ಮಧ್ಯೆ ನಮ್ಮ ಸೈರನ್ ಸದ್ದು, ಗೇಟಿನ ಬಣ್ಣ, ನನ್ನ ಮೀಸೆ, ಯಾವುದನ್ನೂ ಬಿಡಲಿಲ್ಲ. ದೂರಿನ ಒಳಹೊರಗೆ ಇಷ್ಟು ತಿಳಿದೋರು ಎಲ್ಲಿ ಸಿಕ್ತಾರೆ? ನಮ್ಮ ಕಾರು ಕಳಿಸಿ ಕರೆಸ್ಕೊಂಡೆ. ಆಗಲೇ ಕೆಲಸಕ್ಕೆ ಕೂತಿದಾರೆ.”

ದೂರಪ್ಪ ಓಡಿ ಹೋಗಿ ಕೋಣೆಯ ಬಾಗಿಲು ತಳ್ಳಿದ. ಫ್ಯಾನಿನ ಕೆಳಗೆ, ಅವನ ಕುರ್ಚಿಯಲ್ಲಿ, ಹಳೇ ಕಂಬಳಿ ಹೊದ್ದುಕೊಂಡು ಸೋದರತ್ತೆ ಕೂತಿದ್ದಳು. ಅವನ ಪದಬಂಧವನ್ನು ಮೂಲೆಗೆ ಸರಿಸಿ, ಫ್ಯಾನು ಗಾಳಿಯನ್ನು ಒಂದೇ ಕಡೆ ಬೀಸುತ್ತದೆಂದು ಕಂಪ್ಯೂಟರಿಗೆ ಹೇಳುತ್ತಿದ್ದಳು. ಹೊರಗೆ ಭಾವ ಅರವನ್ನು ಬಟ್ಟೆಯಲ್ಲಿ ಒರೆಸುತ್ತ, “ರಾತ್ರಿ ಪಾಳಿಗೆ ಜನ ಇಲ್ಲ ಭಾವನೋರೇ, ಇವತ್ತಿಂದಲೇ ಶುರು ಹಚ್ಕೊಳ್ಳಿ,” ಎಂದು ಕಾಯುತ್ತಿದ್ದ.

“ಅತ್ತೇ, ಇದು ಅನ್ಯಾಯ!” ಎಂದ ದೂರಪ್ಪ. “ಬೆಳಿಗ್ಗೆಯಿಂದ ನಾಯಿ ಹಾಗೆ ಅಲೆದೆ. ಬಣ್ಣ ಸುರಿಸ್ಕೊಂಡೆ, ಪುಸ್ತಕದಡಿ ಸಿಕ್ಕಿಬಿದ್ದೆ. ಈ ವಿಭಾಗ ಉಳಿಸಿದೋನು ನಾನು, ನನ್ನನ್ನೇ ಓಡಿಸ್ತಾ ಇದಾರೆ. ನಂದೂ ಒಂದು ದೂರಿದೆ, ಬರ್ಕೋ!”

ಅತ್ತೆ ಕೈ ಕಟ್ಟಿಕೊಂಡು, ಮಧ್ಯೆ ಒಂದೇ ಒಂದು ಮಾತಾಡದೆ, ಕೊನೆಯವರೆಗೂ ಕೇಳಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು.

“ವಿಷಯ ಏನೋ ಇದೆ ಮಗಾ. ಹೇಳೋ ರೀತಿ ಸಾಲದು. ಶುರುವಿನಲ್ಲಿ ದಮ್ಮಿಲ್ಲ, ಕೊನೇಲಿ ಅಳು ಜಾಸ್ತಿ. ಹೋಗು, ರಾತ್ರಿಯೆಲ್ಲ ಉಜ್ಜುತ್ತಾ ಸರಿಯಾಗಿ ಅಭ್ಯಾಸ ಮಾಡ್ಕೊಂಡು ನಾಳೆ ಬಾ.”