ಮಾತಾಡಿಸೋ ಮೇಡಮ್ಮನ ಫಜೀತಿಗಳು

ಮಕ್ಕಳ ಮನಸ್ಸಿನ ಕೆಲಸ ಅಂದರೆ ಬಹಳ ಗಂಭೀರವಾದದ್ದು ಅಂದುಕೊಂಡೇ ನಾನು ಸೇರಿದ್ದು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲೂಕಿನ ಶಾಲೆಗಳನ್ನು ಸುತ್ತುತ್ತೇನೆ. ಸಿಟ್ಟು ತಡೆಯಲಾರದ ಮಕ್ಕಳನ್ನು, ಹೆದರಿ ಮೂಲೆ ಸೇರಿದ ಮಕ್ಕಳನ್ನು ಮಾತಾಡಿಸಿ, ಮೇಷ್ಟ್ರಿಗೂ ಮನೆಯವರಿಗೂ ಒಂದಿಷ್ಟು ದಾರಿ ಹೇಳುವುದು ನನ್ನ ಕೆಲಸ. ಮಕ್ಕಳ ಬಾಯಲ್ಲಿ ನಾನು 'ಮಾತಾಡಿಸೋ ಮೇಡಂ'. ಹೋಗುವಾಗ ಗಂಭೀರವಾಗಿಯೇ ಹೋಗುತ್ತೇನೆ. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿರುತ್ತೇನೆ. ಪಕ್ಕದಲ್ಲಿ ಕೂತವರು ಮೆಲ್ಲಗೆ ಸರಿದು ಕೂರುತ್ತಾರೆ.

೧. ಸೂಜಿ

ದೊಡ್ಡಉಳ್ಳಾರ್ತಿ ಕಡೆಯ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿನ ಹುಡುಗನೊಬ್ಬನನ್ನು ನೋಡಬೇಕಿತ್ತು. ಮಾತಿಗೆ ಮುಂಚೆ ಕೈ ಎತ್ತುವ ಆಸಾಮಿ. ನನ್ನ ಹೆಗಲ ಚೀಲ ಕಂಡಿದ್ದೇ ತಡ, ಕಾಂಪೌಂಡ್ ಹಾರಿ ದನ ಮೇಯುವ ಕಾವಲಿನ ಕಡೆ ಓಟ ಕಿತ್ತ. ಅಲ್ಲಿ ಹುಲ್ಲು ಬಿಟ್ಟರೆ ಅಡಗಿ ಕೂರಲು ಏನೂ ಇಲ್ಲ. ಪಿ.ಟಿ. ಮೇಷ್ಟ್ರು ಬೈಕಿನಲ್ಲಿ ಹೋಗಿ ಹಿಂದೆ ಕೂರಿಸಿಕೊಂಡು ಬಂದರು.

ಬೇವಿನ ಮರದ ನೆರಳಲ್ಲಿ ಕೂತು ಊರು, ಮನೆ, ಗೆಳೆಯರು ಅಂತ ಬಹಳ ಹೊತ್ತು ಮಾತಾಡಿದೆವು. ಅಪ್ಪನ ಏಟಿನ ವಿಷಯ ಬಂದಾಗ ಅವನು ಕಣ್ಣೊರೆಸಿಕೊಂಡ. 'ಇವತ್ತಿಗೆ ಸಾಕು, ಹೋಗಪ್ಪ' ಅಂದೆ. ಅವನು ಏಳಲಿಲ್ಲ. ಅಂಗಿಯ ತೋಳು ಮಡಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಬೇಗ ಚುಚ್ಚಿಬಿಡ್ರಿ ಮೇಡಂ. ಇಷ್ಟೊತ್ತು ಮಾತಾಡ್ಸಿದ್ರೆ ಭಯ ಜಾಸ್ತಿ ಆಗ್ತೈತೆ."

೨. ಹತ್ತರ ತನಕ

ಅದೇ ಹುಡುಗನಿಗೆ, ಸಿಟ್ಟು ಬಂದಾಗ ಉಸಿರೆಳೆದುಕೊಂಡು ಹತ್ತರ ತನಕ ಎಣಿಸಬೇಕು ಅಂತ ಹೇಳಿಕೊಟ್ಟೆ. ಮುಂದಿನ ಸಲ ಹೋದಾಗ ಕ್ಲಾಸಿನ ಮೇಷ್ಟ್ರು, "ಹೊಡೆದಾಟ ಕಮ್ಮಿ ಆಗೈತೆ ಮೇಡಂ" ಅಂದರು. ನಾನು ಉಬ್ಬಿಹೋದೆ. ಹುಡುಗನನ್ನು ಕರೆದರೆ ಅವನ ಮುಖ ಮಾತ್ರ ಬಾಡಿತ್ತು.

"ಎಣಿಸ್ತೀನಿ ಮೇಡಂ. ಆದ್ರೆ ಹತ್ತು ಜಾಸ್ತಿ ಆತು. ಐದಕ್ಕೆ ಇಳಿಸ್ರಿ."

"ಯಾಕಪ್ಪ?"

"ನಾನು 'ಒಂದು' ಅಂತಿದ್ದಂಗೆ ಹುಡುಗ್ರು ಓಡಾಕೆ ಶುರು ಮಾಡ್ತಾರೆ. ಹತ್ತು ಅನ್ನೋದ್ರೊಳಗೆ ಬಸ್ ಸ್ಟ್ಯಾಂಡ್ ದಾಟಿರ್ತಾರೆ."

ನಾನು ಇಳಿಸಲಿಲ್ಲ. ಎಣಿಕೆ ಆರಕ್ಕೆ ಬರುವ ಹೊತ್ತಿಗೆ ಅವನಿಗೇ ನಗು ಬಂದುಬಿಡುತ್ತದಂತೆ ಈಗ.

೩. ಅಜ್ಜಿಯ ಸರದಿ

ದೇವಸಮುದ್ರ ಹೋಬಳಿಯ ಹಳ್ಳಿಯೊಂದರಲ್ಲಿ ಆರನೇ ಕ್ಲಾಸಿನ ಹುಡುಗಿ ಇದ್ದಳು. ಓದುತ್ತಾಳೆ, ಬರೆಯುತ್ತಾಳೆ, ಲೆಕ್ಕದಲ್ಲಿ ಮುಂದು. ಆದರೆ ಶಾಲೆಯ ಗೇಟು ದಾಟಿದರೆ ಒಂದು ಮಾತಿಲ್ಲ. ಕೆಲವು ಮಕ್ಕಳಿಗೆ ಹೀಗಾಗುತ್ತದೆ. ಅದು ಹಟವಲ್ಲ, ಭಯ ಗಂಟಲನ್ನೇ ಹಿಡಿದುಬಿಡುತ್ತದೆ. ಅವಳ ಅಪ್ಪ ಟಿ.ಸಿ. ತಗೊಂಡು ಶಾಲೆ ಬಿಡಿಸುವುದೇ ಸರಿ ಅಂತ ಕೂತಿದ್ದರು.

"ಇಲ್ಲಿ ನನ್ನ ಮಗಳನ್ನ ಮೂಗಿ ಅಂತಾರೆ ಮೇಡಂ. ಮನೆಯಾಗೆ ಕುರಿ ನೋಡ್ಕೊಂಡಿದ್ರೆ ಯಾರೂ ಏನೂ ಅನ್ನಲ್ಲ."

ಸಿಟ್ಟಿದ್ದರೆ ವಾದ ಮಾಡಬಹುದಿತ್ತು. ಅವರದು ಬರೀ ಸಂಕಟ. ಬೇಡಿಕೊಂಡಿದ್ದಕ್ಕೆ, "ದಸರಾ ರಜ ಮುಗಿಯೋ ತಂಕ ನೋಡ್ತೀನಿ" ಅಂದರು.

ಒಂದು ಭಾನುವಾರ ಅವರ ಮನೆಗೇ ಹೋದೆ. ಹುಡುಗಿಯ ಗಲಗಲ ಮಾತು ಓಣಿಯ ತುದಿಗೇ ಕೇಳುತ್ತಿತ್ತು. ನಾನು ಹೊಸಿಲು ತುಳಿದಿದ್ದೇ, ರೇಡಿಯೊ ಆರಿಸಿದ ಹಾಗೆ ನಿಂತಿತು. ಅವಳ ಅವ್ವ ಗಾಬರಿಯಲ್ಲಿ "ಇಂಟ್ಲೋ ನೋರು ಮುಯ್ಯದು" ಅಂತ ತೆಲುಗಿನಲ್ಲಿ ಶುರು ಮಾಡಿ, "ಮನೆಯಾಗೆ ಬಾಯೇ ಮುಚ್ಚಲ್ಲ ಮೇಡಂ" ಅಂತ ಕನ್ನಡಕ್ಕೆ ಬಂದರು.

ಅಜ್ಜಿ ಚಾಪೆ ಹಾಸಿ ಕೇಳಿದರು, "ನೀನು ಏನು ಕೆಲ್ಸ ಮಾಡ್ತೀಯವ್ವ?"

"ಕಷ್ಟ ಸುಖ ಕೇಳ್ತೀನಜ್ಜಿ."

ಅಷ್ಟು ಸಾಕಾಯಿತು. ಅಜ್ಜಿ ತಮ್ಮ ಮದುವೆಯಿಂದ ಶುರು ಮಾಡಿದರು. ಅತ್ತೆಯ ಕಾಟ, ನಾದಿನಿಯ ಚಾಡಿ, ಮುನಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿ ತವರಿಗೆ ಹೊರಟಿದ್ದು. ಅಲ್ಲಿಗೆ ಬರುವಷ್ಟರಲ್ಲಿ ಬಾಗಿಲ ಹಿಂದಿನಿಂದ ಸಣ್ಣ ದನಿ ಕೇಳಿತು: "ಬಳ್ಳಾರಿ ಬಸ್ಸಲ್ಲಜ್ಜಿ, ರಾಯದುರ್ಗದ ಬಸ್ಸು."

ನನ್ನೆದುರು ಅವಳು ಆಡಿದ ಮೊದಲ ಮಾತು. ನಾನು ಕೇಳಿಸದವಳಂತೆ, ಅವರು ಕೊಟ್ಟ ಮಂಡಕ್ಕಿ ತಿನ್ನುತ್ತಾ ಕೂತೆ, ಒಳಗೆ ಮಾತ್ರ ಕುಣಿಯುವ ಹಾಗಾಗಿತ್ತು. ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು.

"ಎದೆ ಹಗುರಾತು ಕಣವ್ವ. ಮುಂದಿನ ವಾರ ಬಾ. ಈ ಹುಡುಗಿ ಶಾಲೆಗೆ ಹೋದಾಗ ಬಾ, ನಡುವೆ ಬಾಯಿ ಹಾಕ್ತಾಳೆ."

೪. ಸನ್ನೆ

ಆ ಹುಡುಗಿಯ ಶಾಲೆಯ ಹೆಡ್ ಮೇಷ್ಟ್ರು ನಿವೃತ್ತಿಗೆ ಹತ್ತಿರವಾದವರು, ದೇವರಂಥ ಮನುಷ್ಯ. ಒಂದೇ ತೊಂದರೆ, ಏನು ಹೇಳಿದರೂ ಅದಕ್ಕಿಂತ ನಾಲ್ಕು ಪಾಲು ಜಾಸ್ತಿ ಮಾಡುತ್ತಾರೆ. "ಮಾತಾಡು ಅಂತ ಅವಳಿಗೆ ಯಾರೂ ಬಲವಂತ ಮಾಡೋದು ಬೇಡ ಸರ್" ಅಂತ ಹೇಳಿ ಬಂದಿದ್ದೆ.

ಮತ್ತೆ ಹೋದಾಗ ಬಿಸಿಯೂಟದ ಹೊತ್ತು. ಅಡುಗೆಯಮ್ಮ ಹುಡುಗಿಯ ಮುಂದೆ ಸೌಟು ಎತ್ತಿ, ಹುಬ್ಬು ಹಾರಿಸಿ, 'ಸಾರು ಬೇಕಾ?' ಅಂತ ಸನ್ನೆ ಮಾಡುತ್ತಿದ್ದರು. ಗೆಳತಿಯರು ಒಂಟಿ ಕಾಲಲ್ಲಿ ಕುಪ್ಪಳಿಸಿ ತೋರಿಸಿ ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಹೆಡ್ ಮೇಷ್ಟ್ರು ಹೆಮ್ಮೆಯಿಂದ ಬಂದರು.

"ನೀವು ಹೇಳಿದಂಗೇ ಮೇಡಂ. ಅವಳ ಹತ್ರ ಯಾರೂ ಬಾಯಿ ಬಿಡಂಗಿಲ್ಲ. ಎಲ್ಲಾ ಸನ್ನೆ."

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಎಲ್ಲರೂ ಅವಳ ಹತ್ತಿರ ಮಾಮೂಲಾಗಿ ಮಾತಾಡಬೇಕು, ಉತ್ತರಕ್ಕೆ ಮಾತ್ರ ಪೀಡಿಸಬಾರದು, ಅಷ್ಟೇ ನಾನು ಹೇಳಬೇಕೆಂದಿದ್ದು. ಬಾಯಿ ತೆರೆದೆ. ಅಷ್ಟರಲ್ಲಿ ಮೇಷ್ಟ್ರು ಹುಡುಗಿಯ ಕಡೆ ತಿರುಗಿ, ಗಾಳಿಯಲ್ಲಿ ಬರೆದು, ಕೆನ್ನೆಗೆ ಕೈಯಿಟ್ಟು ಮಲಗಿದಂತೆ ಮಾಡಿ, 'ರಾತ್ರಿ ಮಲಗೋ ಮುಂಚೆ ಹೋಂವರ್ಕ್ ಮಾಡು' ಅಂತ ಅಭಿನಯಿಸಿದರು. ಹುಡುಗಿ ಬಾಯಿಗೆ ಕೈ ಒತ್ತಿಕೊಂಡಳು. ಭುಜ ಕುಲುಕುತ್ತಿತ್ತು. ಆ ಶಾಲೆಯಲ್ಲಿ ಅವಳು ನಕ್ಕಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ.

ಹೊರಡುವಾಗ ಮೇಷ್ಟ್ರು ನನಗೂ ಹೆಬ್ಬೆರಳನ್ನು ಬಾಯಿಗೆ ತೋರಿಸಿ 'ಟೀ ಕುಡಿದು ಹೋಗಿ' ಅಂದರು. ಅಭ್ಯಾಸವಾಗಿಬಿಟ್ಟಿತ್ತು.

೫. ಟಿ.ಸಿ.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ನಾನು ಹೋಗುವ ಮೊದಲೇ ಹುಡುಗಿಯ ಅಪ್ಪ ಬಂದು ಆಫೀಸ್ ರೂಮಿನಲ್ಲಿ ನಿಂತಿದ್ದರು.

"ಹೇಳಿದಂಗೆ ಕಾದೆ ಮೇಡಂ. ಟಿ.ಸಿ. ಕೊಡ್ಸಿಬಿಡ್ರಿ."

ಬಾಗಿಲ ಹಿಂದಿನ ಒಂದು ಮಾತು, ಕೈಯಡಿಯ ಒಂದು ನಗು, ಇಷ್ಟೇ ನನ್ನ ಹತ್ತಿರ ಇದ್ದದ್ದು. ನನಗೆ ನಿಜಕ್ಕೂ ಅಳು ಬರುವಂತಿತ್ತು. "ಅವಳನ್ನೂ ಒಂದು ಸಲ ಕೇಳೋಣ" ಅಂದೆ. ಹುಡುಗಿ ಬಂದು, ಬ್ಯಾಗನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು.

ಹೆಡ್ ಮೇಷ್ಟ್ರು ಎದ್ದರು. ಅವರ ಮಟ್ಟಿಗೆ ನಿಯಮ ನಿಯಮವೇ. ಹುಡುಗಿಯತ್ತ ಬೆರಳು ಮಾಡಿದರು, ಆಮೇಲೆ ಕ್ಲಾಸಿನ ಕಡೆ. ಅಂಗೈ ಮೇಲೆ ಎರಡು ಬೆರಳು ನಡೆಸಿ ಮನೆಯ ದಾರಿ ತೋರಿಸಿದರು. ಕೊನೆಗೆ ತಲೆಯ ಎರಡೂ ಕಡೆ ಬೆರಳು ನಿಲ್ಲಿಸಿ ಕೊಂಬು ಮಾಡಿ, ಸದ್ದಿಲ್ಲದೆ 'ಬ್ಯಾ' ಅಂತ ಬಾಯಿ ಅಗಲಿಸಿ, 'ಯಾವುದು?' ಅಂತ ಹುಬ್ಬು ಹಾರಿಸಿದರು. ಅಪ್ಪ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗಿಯ ತುಟಿ ಅಲುಗಿತು. ದನಿ ಬರಲಿಲ್ಲ. ತಿಳಿಯಲಿಲ್ಲವೇನೋ ಅಂತ ಮೇಷ್ಟ್ರು ಮತ್ತೆ ಕೊಂಬಿನಿಂದ ಶುರು ಮಾಡಿದರು.

"ಸರ್," ಅಂದಳು ಹುಡುಗಿ. ಮೆಲ್ಲಗೆ, ಆದರೆ ಸ್ಪಷ್ಟವಾಗಿ. "ಬಾಯಲ್ಲೇ ಕೇಳ್ರಿ. ನೀವು ಯಾಕೆ ಕುರಿ ಆದ್ರಿ ಅಂತ ತಿಳೀತಿಲ್ಲ."

ಮೇಷ್ಟ್ರ ಕೈ ತಲೆಯ ಮೇಲೆ ಹಾಗೇ ನಿಂತಿತು, ಕಣ್ಣು ತುಂಬಿ ಬಂತು. ಆ ಕೊಂಬಿನ ಸಮೇತವೇ ಕೇಳಿದರು, "ಶಾಲೆ ಬಿಡ್ತೀಯೇನವ್ವ?"

"ಬಿಡಲ್ಲ ಸರ್."

ಅಪ್ಪ ಬೆಂಚಿನ ಮೇಲೆ ಕುಸಿದು ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ನಾನಂತೂ ನಾಚಿಕೆ ಬಿಟ್ಟು ಅಳುತ್ತಿದ್ದೆ. ಆಮೇಲೆ ಅಪ್ಪ ಮೂಗೊರೆಸಿಕೊಂಡು ಮೇಷ್ಟ್ರನ್ನು ನೋಡಿದರು.

"ಟಿ.ಸಿ. ಬ್ಯಾಡ ಸರ್. ನೀವು ಮೊದ್ಲು ಆ ಕೊಂಬು ಇಳಿಸ್ರಿ."