ಚಿಕ್ಕವಳ ಬಣ್ಣ

ಬೆಳಗಿನ ಕಾಫಿ ಇನ್ನೂ ಕೈಯಲ್ಲೇ ಇತ್ತು, ಫೋನು ಹೊಡೆದುಕೊಂಡಿತು. ಆ ಕಡೆ ಮಾವ.

“ಸಂಜೆ ಬಸ್ಸಿಗೆ ಬರ್ತಿದ್ದೀನಿ. ಜೊತೆಗೆ ಸ್ನೇಹಿತರಿಬ್ಬರಿದ್ದಾರೆ. ಚಿಕ್ಕವಳನ್ನ ನೋಡಲೇಬೇಕು ಅಂತ ಅವರದು ಒಂದೇ ಹಟ. ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ ಮಾವ,” ಎಂದ ಅಳಿಯ. ಎಂದ ಮೇಲೆ ಕಿಟಕಿಯಾಚೆ ನೋಡಿದ. ಚಿಕ್ಕವಳು ನೆತ್ತಿಯಿಂದ ಬುಡದವರೆಗೆ ಅರಿಸಿನ ಮೆತ್ತಿಕೊಂಡಂತೆ ಹಳದಿಯಾಗಿ ನಿಂತಿದ್ದಳು.

ಚಿಕ್ಕವಳು ಎಂದರೆ ಮರ. ಬೆಟ್ಟದ ಮೇಲಿನ ಆ ಮನೆಯ ಸುತ್ತ ಮೂರು ಮರಗಳಿದ್ದವು. ಮೂರೂ ಸೂಜಿಯೆಲೆಯವು, ಮೂರೂ ಮಾವನಿಗಿಂತ ಹಿರಿಯವು. ಹಿತ್ತಿಲಲ್ಲಿದ್ದ ಎರಡಕ್ಕೆ ಮಾವ ದೊಡ್ಡವನು, ನಡುವಿನವನು ಎಂದೂ ಮುಂಬಾಗಿಲ ಬಳಿಯದಕ್ಕೆ ಚಿಕ್ಕವಳು ಎಂದೂ ಹೆಸರಿಟ್ಟಿದ್ದರು. ಏರುದಾರಿಗೆ ಮೊಣಕಾಲು ಒಪ್ಪದೆ ಅವರು ಕೆಳಗಿನ ಊರಿಗೆ ಹೊರಡುವ ಹೊತ್ತಿಗೇ ಅಳಿಯನಿಗೆ ಇಲ್ಲಿನ ಅಂಚೆ ಕಚೇರಿಗೆ ವರ್ಗವಾಗಿತ್ತು. ಬೀಗದ ಕೈ ಕೊಡುವಾಗ ಮಾವ ಹೇಳಿದ್ದು ಇಷ್ಟು: “ಮರಗಳು ಹೇಗಿರಬೇಕೋ ಹಾಗಿರಬೇಕು. ಒಂದಕ್ಕೆ ಹೆಚ್ಚುಕಡಿಮೆ ಆಯ್ತೋ, ನಾನೇ ಬಂದು ಇದ್ದುಬಿಡ್ತೀನಿ.”

ಅದು ಬೆದರಿಕೆಯಲ್ಲ, ನಿಜವಾಗಿಯೂ ಮರಗಳ ಮೇಲಿನ ಪ್ರೀತಿ. ಆದರೆ ಮನೆ ವಹಿಸಿಕೊಡುವ ಆ ಒಂದು ವಾರ ಅಳಿಯ ಮಾವನೊಡನೆ ಇದ್ದು ನೋಡಿದ್ದ. ಕತ್ತಲಿರುವಾಗಲೇ ಎಬ್ಬಿಸಿ, ಮಣ್ಣಿಗೆ ಬೆರಳು ತೂರಿಸಿ ತೇವ ನೋಡು ಅನ್ನುತ್ತಿದ್ದರು. ಬೇರಿನ ಮೇಲೆ ಚಪ್ಪಲಿಗಾಲು ಇಟ್ಟರೆ ಮಗುವಿನ ಹೊಟ್ಟೆ ತುಳಿದವರನ್ನು ನೋಡುವ ಹಾಗೆ ನೋಡುತ್ತಿದ್ದರು. ಹೊರಡುವ ದಿನ ಮೂರೂ ಮರಗಳನ್ನು ಸುತ್ತಿಸಿ, ಯಾವುದು ಯಾವ ಕಾಲದಲ್ಲಿ ಏನು ಮಾಡುತ್ತದೆ ಎಂದು ವಿವರವಾಗಿ ಹೇಳಿದರು. ಬಸ್ಸು ಎಲ್ಲಿ ತಪ್ಪಿಹೋಗುತ್ತದೋ, ಮಾವ ಎಲ್ಲಿ ಉಳಿದುಬಿಡುತ್ತಾರೋ ಎಂಬ ದಿಗಿಲಿನಲ್ಲಿ ಅಳಿಯ ಕೋಲೆಬಸವನ ಹಾಗೆ ತಲೆಯಾಡಿಸಿದ್ದ. ಒಂದು ಮಾತೂ ಕಿವಿಯಿಂದ ಒಳಗಿಳಿದಿರಲಿಲ್ಲ.

“ಅಪ್ಪನಿಗೇ ಫೋನ್ ಮಾಡಿ ಕೇಳಿಬಿಡಿ. ನಾಲ್ಕು ಮಾತು ಬೈತಾರೆ, ಮುಗೀತು,” ಎಂದಳು ಹೆಂಡತಿ. ಮಾವ ಈ ಮನೆಗೆ ಬಂದದ್ದು ಅವಳ ಮದುವೆಯಾದ ಮೇಲೆ, ಮರಗಳ ವಿಷಯ ಅವಳಿಗೂ ಗೊತ್ತಿರಲಿಲ್ಲ.

“ಬೈಯೋದಕ್ಕೆ ಇಲ್ಲೇ ಉಳೀತಾರೆ ಕಣೇ! ನೀನು ಸುಮ್ಮನಿರು, ನಾನು ನೋಡ್ಕೋತೀನಿ,” ಎಂದ. ಮಹಡಿಯ ಮೇಲೆ ಬಿಸಿಲು ಬೀಳುವ ಕೋಣೆಯೊಂದಿತ್ತು. ಮಾವ ಹೋದ ಮೇಲೆ ಅಳಿಯ ಅಲ್ಲಿ ಮಂಚ ಹಾಕಿಸಿಕೊಂಡು, ರಜಾದಿನ ಹತ್ತು ಗಂಟೆಯವರೆಗೂ ಮಲಗುವ ಸುಖ ಕಂಡಿದ್ದ. ಆ ಕೋಣೆ ಈಗ ಅವನ ಕಣ್ಣಮುಂದೆ ಸುಳಿಯಿತು.

ಆ ಬೀದಿಯವರೆಲ್ಲ ಅದೇ ವರ್ಷ ವರ್ಗವಾಗಿ ಬೆಟ್ಟ ಹತ್ತಿದವರು. ಇಲ್ಲಿನ ಚಳಿಗಾಲವನ್ನು ಒಬ್ಬರೂ ಕಂಡಿರಲಿಲ್ಲ. ಗೊತ್ತಿಲ್ಲ ಎಂಬ ಕಾರಣಕ್ಕೆ ಸಲಹೆ ಕೊಡುವುದನ್ನು ನಿಲ್ಲಿಸುವ ಜನವಲ್ಲ. ಮೊದಲು ಬಂದದ್ದು ಪಕ್ಕದ ಮನೆಯ ಪಶುವೈದ್ಯರು. ಕಾಂಡಕ್ಕೆ ಸ್ಟೆತಾಸ್ಕೋಪ್ ಒತ್ತಿ ಕಣ್ಣು ಮುಚ್ಚಿದರು.

“ಏನಾದ್ರೂ ಕೇಳಿಸ್ತಾ ಡಾಕ್ಟ್ರೇ?”

“ಕೇಳಿಸ್ತಿಲ್ಲ. ಅದೇ ನನಗೆ ಯೋಚನೆ. ಇದು ಕಾಮಾಲೆ ಕಣ್ರೀ. ಎಮ್ಮೆಗೆ ಬಂದ್ರೂ ಮೊದಲು ಹೀಗೇ ಹಳದಿ.”

ಎಮ್ಮೆಗೆ ಕೊಡುವ ಲಿವರ್ ಟಾನಿಕ್ಕನ್ನು ಒಂದು ಬಕೆಟ್ ನೀರಿಗೆ ಬೆರೆಸಿ ಬುಡಕ್ಕೆ ಸುರಿದದ್ದೂ ಆಯಿತು. ಚಿಕ್ಕವಳು ಕೃತಜ್ಞತೆಯಿಂದಲೋ ಏನೋ ಡಾಕ್ಟರ ತಲೆಯ ಮೇಲೆ ಒಂದು ಹಿಡಿ ಹಳದಿ ಸೂಜಿ ಉದುರಿಸಿದಳು.

“ಎಲೆ ಬೇರೆ ಉದುರ್ತಿದೆ! ಮುಗೀತು ನನ್ನ ಕತೆ,” ಎಂದು ಅಳಿಯ ಅಲ್ಲೇ ಕುಸಿದು ಕೂತ.

ಎದುರು ಮನೆಯ ಡ್ರಾಯಿಂಗ್ ಮೇಷ್ಟ್ರು ಕಣ್ಣು ಕಿರಿದು ಮಾಡಿ ಮರವನ್ನು ಅಳೆದರು. “ರೋಗ ವಾಸಿ ಮಾಡೋದು ಆಮೇಲಿನ ಮಾತು. ಇವತ್ತು ಸಂಜೆ ನಿಮಗೆ ಬೇಕಾಗಿರೋದು ಬಣ್ಣ ತಾನೇ?”

“ಬಣ್ಣ ಬಳಿಯೋಕಾಗುತ್ತಾ ಮೇಷ್ಟ್ರೇ?”

“ಬಳಿಯೋದ್ಯಾಕೆ? ಹಿತ್ತಿಲಲ್ಲಿ ಅಷ್ಟು ಹಸಿರು ಇಟ್ಕೊಂಡು! ಅಣ್ಣಂದಿರು ತಂಗಿಗೆ ಇಷ್ಟೂ ಕೊಡೋದಿಲ್ವಾ?”

ಅಳಿಯನಿಗೆ ಮೇಷ್ಟ್ರ ಕಾಲು ಹಿಡಿಯುವಷ್ಟು ಖುಷಿಯಾಯಿತು. ಕೊನೆಯ ಮನೆಯ ಲೈನ್‌ಮನ್ ಏಣಿ, ತಂತಿ, ಇಕ್ಕಳ ಸಮೇತ ಬಂದ. ಬಿದಿರ ಗಳುವಿನಿಂದ ಬಡಿದರೆ ಹಳದಿ ಸೂಜಿಗಳು ಮಳೆಯಂತೆ ಸುರಿದವು. ಕಾಲರಿನೊಳಗೆ, ಬನಿಯನ್ನಿನೊಳಗೆ, ಕಿವಿಯೊಳಗೆ ಸೇರಿ ಅಳಿಯನ ಮೈಯೆಲ್ಲ ತುರಿಕೆ. ಒಂದು ಕೈಯಲ್ಲಿ ಕೆರೆದುಕೊಳ್ಳುತ್ತ ಇನ್ನೊಂದು ಕೈಯಲ್ಲಿ ದೊಡ್ಡವನ ಮತ್ತು ನಡುವಿನವನ ಕೆಳಗಿನ ಕೊಂಬೆಗಳನ್ನು ಗರಗಸದಿಂದ ಕೊಯ್ದ. “ಬೀದಿ ಕಡೆ ಮುಟ್ಟಬೇಡಿ, ಹಿಂದುಗಡೆ ಮಾತ್ರ,” ಎಂದು ಮೇಷ್ಟ್ರು ಕೆಳಗಿನಿಂದ ಎಚ್ಚರಿಸುತ್ತಿದ್ದರು. ಹಿಂದುಗಡೆ ಮುಗಿದ ಮೇಲೂ ಚಿಕ್ಕವಳ ಮೈ ಮುಚ್ಚಲಿಲ್ಲ. ಬಲಗಡೆಯದನ್ನೂ ಕೊಯ್ದರು, ಆಮೇಲೆ ಎಡಗಡೆಯದನ್ನೂ.

ಲೈನ್‌ಮನ್ ಕೆಲಸದಲ್ಲಿ ಗಟ್ಟಿಗ. ಒಂದು ಕಡೆಯಿಂದ ಚಿಕ್ಕವಳಿಗೆ ಕೊಂಬೆ ಕಟ್ಟುತ್ತ ಬಂದವನು ಅದೇ ರಭಸದಲ್ಲಿ ಅಳಿಯನ ಕೋಟಿನ ತೋಳನ್ನೂ ಸೇರಿಸಿ ಬಿಗಿದ.

“ರೀ, ನನ್ನನ್ನ ಬಿಡ್ರೀ!”

“ಅಲ್ಲಾಡಬೇಡಿ ಸಾರ್, ಕೊಂಬೆ ಸಡಿಲ ಆಗುತ್ತೆ.”

ಕೋಟಿನೊಳಗಿಂದ ನುಸುಳಿ ಅಳಿಯ ಪಾರಾದ. ಕೋಟು ಹಸಿರು ಬಣ್ಣದ್ದೇ ಆಗಿದ್ದರಿಂದ ಅಲ್ಲೇ ಇರಲಿ ಎಂದು ಮೇಷ್ಟ್ರು ತೀರ್ಮಾನಿಸಿದರು. ಏಣಿ ಅರ್ಧ ಮರಕ್ಕೇ ಮುಗಿಯಿತು. ಮೇಲಿನ ಅರ್ಧಕ್ಕೆ ಏನು ಮಾಡುವುದು ಎಂದು ಎಲ್ಲರೂ ಕತ್ತೆತ್ತಿ ನಿಂತಿರುವಾಗ ಕಣಿವೆಯಿಂದ ಮಂಜು ಎದ್ದು ಬಂದು ಸೂರಿನಿಂದ ಮೇಲಿನದನ್ನೆಲ್ಲ ಮುಚ್ಚಿತು. ಕಾಣುವಷ್ಟು ಮರ ಈಗ ಹಸಿರೇ ಹಸಿರು. ಹೆಂಡತಿ ಬಾಗಿಲಿಗೆ ಬಂದು ಮರವನ್ನೂ ಬರೀ ಅಂಗಿಯಲ್ಲಿ ನಡುಗುತ್ತಿದ್ದ ಗಂಡನನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಸಂಜೆ ಮಾವ ಮೊಣಕಾಲು ಹಿಡಿದುಕೊಂಡು ಏರುದಾರಿ ಹತ್ತಿ ಬಂದರು. ಹಿಂದೆ ಸ್ನೇಹಿತರಿಬ್ಬರು, ಒಬ್ಬರ ಕೊರಳಲ್ಲಿ ಕ್ಯಾಮೆರಾ, ಇನ್ನೊಬ್ಬರ ಕಂಕುಳಲ್ಲಿ ಮಡಿಸುವ ಕುರ್ಚಿ. ಗೇಟಿನ ಬಳಿ ಮಾವ ಗಕ್ಕನೆ ನಿಂತರು.

“ಏನಪ್ಪಾ ಇದು?”

“ಹಸಿರಾಗಿದೆ ಮಾವ! ನೀವು ಬಿಟ್ಟು ಹೋದ ಹಾಗೇ ಇದೆ!”

“ಅದನ್ನೇ ಕೇಳ್ತಿರೋದು. ಯಾಕೆ ಹಸಿರಾಗಿದೆ?”

ಮಾವ ಗೇಟು ತಳ್ಳಿ ಒಳಗೆ ಬಂದರು.

“ಹೋಗುವಾಗ ಹೇಳಿರಲಿಲ್ವೇನೋ? ಅಣ್ಣಂದಿರು ವರ್ಷವಿಡೀ ಹಸಿರು. ಇವಳೊಬ್ಬಳು ಚಳಿ ಶುರುವಾದ್ರೆ ಚಿನ್ನ ಆಗ್ತಾಳೆ, ಆಮೇಲೆ ಎಲೆಯೆಲ್ಲ ಉದುರಿಸಿ ನೆಮ್ಮದಿಯಾಗಿ ಮಲಗ್ತಾಳೆ. ಆ ಚಿನ್ನ ತೋರಿಸ್ತೀನಿ ಅಂತ ಇವರನ್ನ ಇಷ್ಟು ದೂರ ಕರ್ಕೊಂಡು ಬಂದೆ. ಈ ಹೊತ್ತಿನಲ್ಲಿ ಹಸಿರಾಗಿದ್ದಾಳೆ ಅಂದ್ರೆ ಇವಳಿಗೆ ಏನೋ ದೊಡ್ಡ ರೋಗ ಬಂದಿದೆ!”

“ನಾನು ಬೆಳಿಗ್ಗೇನೇ ಹೇಳಿದೆ ಸಾರ್, ಇದಕ್ಕೆ ಹುಷಾರಿಲ್ಲ ಅಂತ,” ಎಂದರು ಪಶುವೈದ್ಯರು ಬೇಲಿಯಾಚೆಯಿಂದ.

ಮಾವನ ಕಣ್ಣು ತುಂಬಿತು. ಅವರು ಚೀಲವನ್ನು ಮೆಟ್ಟಿಲ ಮೇಲಿಟ್ಟರು. “ಮಗಳೇ, ನನ್ನ ಹಾಸಿಗೆ ಮಹಡಿ ಮೇಲೆ ಹಾಕು. ಮೊಣಕಾಲು ಏನಾದ್ರೂ ಆಗಲಿ. ಈ ಚಳಿಗಾಲ ದಾಟೋವರೆಗೂ ಇವಳ ಪಕ್ಕದಲ್ಲೇ ಇರ್ತೀನಿ.”

ಅಳಿಯನಿಗೆ ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಹಡಿಯ ಮಾತು ಕೇಳಿದ್ದೇ ಉಗುಳಿಬಿಟ್ಟ.

“ಇಲ್ಲ ಮಾವ! ಅವಳಿಗೆ ಏನೂ ಆಗಿಲ್ಲ! ಬೆಳಿಗ್ಗೆ ಚಿನ್ನವೇ ಆಗಿದ್ದಳು! ನನಗೇ ತಿಳೀಲಿಲ್ಲ, ಹೆದರಿಕೊಂಡು ಹಸಿರು ಕಟ್ಟಿಸಿದೆ. ಬೇಕಾದ್ರೆ ನೋಡಿ!” ಎಂದು ಓಡಿಹೋಗಿ ಒಂದು ಕೊಂಬೆ ಹಿಡಿದೆಳೆದ. ತಂತಿ ಬಿಚ್ಚಿ ಕೊಂಬೆಯೂ ಕೋಟೂ ಒಟ್ಟಿಗೆ ಕೆಳಗೆ ಬಿದ್ದವು. ಅದೇ ಹೊತ್ತಿಗೆ ಗಾಳಿಗೆ ಮಂಜು ಸರಿದು, ಮರದ ಮೇಲಿನ ಅರ್ಧ ಸಂಜೆಬಿಸಿಲಿಗೆ ಚಿನ್ನದಂತೆ ಹೊಳೆಯಿತು. ಕ್ಯಾಮೆರಾದವರು “ಆಹಾ!” ಎಂದರು. ಕುರ್ಚಿಯವರು ಕುರ್ಚಿ ಬಿಡಿಸಿಕೊಂಡು ಕೂತರು.

ಮಾವ ಸೂಜಿಯೆಲೆಯೊಂದನ್ನು ಬೆರಳಲ್ಲಿ ಹೊಸಕಿ, ಮೂಸಿ, ದೊಡ್ಡ ಉಸಿರು ಬಿಟ್ಟರು. “ಅಬ್ಬಾ, ಮಗು ಚೆನ್ನಾಗಿದೆ. ಹೋಗಲಿ ಬಿಡು. ಗೊತ್ತಿಲ್ಲದೆ ಮಾಡಿದ್ದು. ನಾಳೆ ಬೆಳಗಿನ ಬಸ್ಸಿಗೇ ಹೊರಡ್ತೀವಿ.”

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಚೀಲವನ್ನು ತಾನೇ ಎತ್ತಿಕೊಂಡು, ಅದನ್ನು ಬಾಗಿಲ ಪಕ್ಕದಲ್ಲೇ, ಬೆಳಿಗ್ಗೆ ಕೈಗೆ ಸಿಗುವ ಹಾಗೆ ಇಟ್ಟ.

ಮಾವ ಕೆಳಗೆ ಬಿದ್ದಿದ್ದ ಕೊಂಬೆಯನ್ನು ಎತ್ತಿ ತಿರುಗಿಸಿ ನೋಡುತ್ತಿದ್ದರು. ಕೊಯ್ದ ತುದಿಯಲ್ಲಿ ಅಂಟು ಇನ್ನೂ ಹಸಿಯಾಗಿತ್ತು.

“ಅಲ್ಲಪ್ಪಾ, ಇಷ್ಟೊಂದು ಹಸಿರು ಕೊಂಬೆ ನಿನಗೆ ಸಿಕ್ಕಿದ್ದೆಲ್ಲಿ?”

ಪಶುವೈದ್ಯರಿಗೆ ತಟ್ಟನೆ ಯಾವುದೋ ಎಮ್ಮೆಯ ನೆನಪಾಯಿತು. ಮೇಷ್ಟ್ರು ತಮ್ಮ ಮನೆಯೊಳಗೆ ಹೋಗಿ ದೀಪ ಆರಿಸಿದರು. ಲೈನ್‌ಮನ್ ಏಣಿಯನ್ನೂ ಬಿಟ್ಟು ನಡೆದ.

ಮಾವ ನಿಧಾನವಾಗಿ ಮನೆಯ ಪಕ್ಕದಿಂದ ಹಿತ್ತಿಲಿಗೆ ಹೋದರು. ಆಮೇಲೆ ಬಂದವರು ಅಳಿಯನ ಮುಖ ನೋಡದೆ ಬಾಗಿಲ ಪಕ್ಕದ ಚೀಲವನ್ನು ಕೈಗೆತ್ತಿಕೊಂಡು ಮಹಡಿ ಮೆಟ್ಟಿಲು ಹತ್ತತೊಡಗಿದರು.

“ಮಗಳೇ, ಹಾಸಿಗೆ ಹಾಕು. ಚಿಕ್ಕವಳಿಗೆ ಒಂದು ಚಳಿಗಾಲ ಸಾಕಾಗ್ತಿತ್ತು,” ಎಂದರು. “ಅಣ್ಣಂದಿರು ಚೇತರಿಸಿಕೊಳ್ಳೋಕೆ ವರ್ಷಗಳೇ ಬೇಕು. ಇವನಿಗೆ ಹೇಳು, ನಾಳೆ ಕತ್ತಲಿರುವಾಗಲೇ ಎಬ್ಬಿಸ್ತೀನಿ.”