ಮಿಸ್ಸಮ್ಮ ಮುದ್ದೆ ನುಂಗಿದ್ದು

ಹುಣಸೂರಿನ ಮಿಶನ್ ಬಂಗಲೆಗೆ ಪಟ್ಟಣದಿಂದ ಸೇವೆ ಮಾಡೋಕೆ ಅಂತ ಒಂದು ಗುಂಪು ಬಂತು ಅಂದ್ರೆ, ನಮಗೆ ನಾಟಕದ ಕಂಪನಿ ಬೇಕೇ ಇರಲಿಲ್ಲ. ಬೆಂಗಳೂರು, ಮದರಾಸು ಕಡೆ ಕಾಲೇಜು ಹುಡುಗ ಹುಡುಗೀರು ಹತ್ತು ದಿನಕ್ಕೆ ಬರೋರು, ಹಳ್ಳಿ ಶಾಲೆಗೆ ಸುಣ್ಣ ಬಳಿಯೋರು, ಕೀರ್ತನೆ ಹಾಡೋರು, ಹೊಟ್ಟೆ ಕೆಡಿಸ್ಕೊಂಡು ಹೋಗೋರು. ಅವರಿಗೆ ಜಾಗ, ಬಸ್ಸು, ಸಭೆ ಎಲ್ಲಾ ಗೊತ್ತು ಮಾಡೋರು, ಊರೂರು ತಿರುಗಿ ದೇವರ ಮಾತು ಹೇಳೋ ನಮ್ಮ ಉಪದೇಶಿಗಳು. ಅಡುಗೆ ನಂದು. ನಡೆದಿದ್ದನ್ನ ಊರಿಗೆಲ್ಲ ಮುಟ್ಟಿಸೋದೂ ನಂದೇ, ಅದಕ್ಕೆ ಯಾರೂ ನನ್ನ ನೇಮಿಸಿರಲಿಲ್ಲ, ಅಷ್ಟೆ.

ಒಂದು ಸಲ ಮೈಸೂರಿನ ದೊಡ್ಡ ಪಾದ್ರಿಗಳು ಬಂದು ಜಗಲಿ ಮೇಲೆ ಕೂತು ಹೇಳಿದ್ರು. ಬಿಳೀ ಮನುಷ್ಯ, ಆದ್ರೆ ಕನ್ನಡ ನಮಗಿಂತ ಶುದ್ಧ. "ಹೋದ ಗುಂಪೂ ದೂರು ಹೇಳಿತು, ಅದರ ಹಿಂದಿನ ಗುಂಪೂ ದೂರು ಹೇಳಿತು. ಈಗ ಬರುವವರೂ ದೂರು ಹೇಳಿದರೆ ಈ ಬಂಗಲೆಗೆ ಬೀಗ."

ಬೀಗ ಬಿದ್ರೆ ಉಪದೇಶಿಗಳಿಗೇನು, ಬೇರೆ ಊರು ಕೊಡ್ತಾರೆ. ಬಂಗಲೆ ಹಿಂದಿನ ಕೋಣೇಲಿ ಇರೋ ನಾನು ಹೋಗಬೇಕಾದ್ದು ಗಾವಡಗೆರೆ ನಾದಿನಿ ಮನೆಗೆ. ಆ ನಾದಿನಿ ಎಂಥೋಳು ಅಂದ್ರೆ, ನೆಂಟರು ಬಂದ್ರೆ ಸಾರಿಗೆ ನೀರು ಬೆರೆಸೋಳಲ್ಲ. ನೀರಿಗೇ ಒಂಚೂರು ಸಾರು ತೋರ್ಸೋಳು. ಅವಳ ಮನೆ ಊಟ ನೆನೆಸ್ಕೊಂಡು ನಾನು ಅವತ್ತೇ ಮೊಣಕಾಲೂರಿ ಪ್ರಾರ್ಥನೆ ಮಾಡ್ದೆ.

೧. ಯಾರದೋ ಕೊರಳಿಗೆ ಹಾರ

ಮೈಸೂರಿಂದ ಹೇಳಿ ಕಳಿಸಿದ್ದು ಇಷ್ಟೇ: ಬಿಳಿಯೋರೊಬ್ಬರು, ಜೊತೆಗೆ ಆರು ಜನ, ಮಧ್ಯಾಹ್ನದ ಬಸ್ಸಿಗೆ. ಉಪದೇಶಿಗಳು ಕೋಟು ಹಾಕ್ಕೊಂಡು, ವಾಲಗದೋರನ್ನ ಕರ್ಕೊಂಡು ಬಸ್ ಸ್ಟ್ಯಾಂಡಲ್ಲಿ ನಿಂತ್ರು. ಬಸ್ಸು ಬರಲಿಲ್ಲ. ಕೊಡಗಿಗೆ ಹೋಗ್ತಿದ್ದ ಒಬ್ಬ ಕಾಫಿ ತೋಟದ ದೊರೆ ಕಾರು ಮಾತ್ರ ಅಲ್ಲೇ ಕೆಟ್ಟು ನಿಂತಿತು. ದೊರೆ ಬೆವರು ಒರೆಸ್ಕೊಂತಾ ಕೆಳಗಿಳಿದ. ಬಿಳಿ ಮುಖ ಕಂಡಿದ್ದೇ ತಡ, ಹಾರ ಬಿತ್ತು, ವಾಲಗ ಶುರುವಾಯ್ತು, ಮೆರವಣಿಗೆ ಬಂಗಲೆಗೆ ಬಂತು.

ನಾನು ಉಪದೇಶಿಗಳ ಕಿವೀಲಿ ಕೇಳ್ದೆ, "ಆರು ಜನ ಎಲ್ಲಿ ಸ್ವಾಮಿ? ಒಬ್ಬ ಡ್ರೈವರ್ ಅವ್ನೆ ಅಷ್ಟೇಯ."

"ಸುಮ್ಕಿರಮ್ಮ. ದೊಡ್ಡೋರು ಮುಂದೆ ಬತ್ತಾರೆ, ಚಿಕ್ಕೋರು ಹಿಂದೆ ಬತ್ತಾರೆ."

ದೊರೆಯಾದ್ರೂ ಯಾಕೆ ಏನು ಅಂತ ಕೇಳ್ದನಾ? ಇಲ್ಲ. ಹಾರ ಹಾಕಿಸ್ಕೊಂಡು ಅಭ್ಯಾಸ ಇರೋ ಜನ, ಯಾಕೆ ಹಾಕ್ತೀರಿ ಅಂತ ಕೇಳೋ ಪದ್ಧತಿ ಅವರಲ್ಲಿಲ್ಲ. ಗುಂಪಿಗೆ ಅಂತ ನಾನು ಕೊಬ್ಬಿಸಿದ್ದ ಹುಂಜನ್ನ ಒಬ್ಬನೇ ತಿಂದ. ಬರೋ ಬಿಳಿಯೋರಿಗೆ ಅಂತ ಹಾಸಿದ್ದ ಮಂಚದ ಮೇಲೆ ಗೊರಕೆ ಹೊಡೆದ. ಎದ್ದ ಮೇಲೆ ಉಪದೇಶಿಗಳು ಅಂಗಳದಲ್ಲಿ ಸೇರಿದ್ದ ಜನದ ಮುಂದೆ ಅವನನ್ನ ನಿಲ್ಲಿಸಿ, ಎರಡು ಮಾತಾಡಿ ಅಂತ ಕೈಸನ್ನೆ ಮಾಡಿದ್ರು.

ದೊರೆ ನಿಜವಾಗ್ಲೂ ಎರಡೇ ಮಾತಾಡ್ದ. ನನ್ನ ಒಲೆ ಹತ್ರ ಕೂತಿದ್ದ ಡ್ರೈವರು ಹೇಳ್ದ, "ಕಾರಿನ ಅಚ್ಚು ಮುರಿದೈತೆ, ಈ ಊರಲ್ಲಿ ಕಮ್ಮಾರ ಅವ್ನಾ ಅಂತ ಕೇಳ್ತಾವ್ರೆ."

ಉಪದೇಶಿಗಳು ಅದನ್ನ ಕನ್ನಡಕ್ಕೆ ತಿರುಗಿಸಿದ್ರು, ಅರ್ಧ ಗಂಟೆ! ಅಪ್ಪನ ಆಸ್ತೀಲಿ ಪಾಲು ತಗೊಂಡು ಊರು ಬಿಟ್ಟ ಮಗ, ಎಲ್ಲಾ ಕಳ್ಕೊಂಡು ಹಂದಿ ಕಾಯ್ದ, ಆಮೇಲೆ ಬುದ್ಧಿ ಬಂದು ಮನೆಗೆ ವಾಪಸ್ಸು ಬಂದ, ಅಪ್ಪ ತಬ್ಬಿಕೊಂಡು ಊಟ ಹಾಕಿಸ್ದ, ಆ ಕತೆ. ಉಪದೇಶಿಗಳಿಗೆ ಇಂಗ್ಲಿಷು ಬರ್ತಿದ್ದದ್ದು ನಂಗೆ ಬರೋಷ್ಟೇಯ. ಯಾವ ಬಿಳಿಯೋರು ಏನೇ ಹೇಳಿದ್ರೂ ಅವರು ತಪ್ಪಿಹೋದ ಮಗನ್ನ ಮನೆಗೆ ಕರ್ಕೊಂಡು ಬಂದುಬುಡೋರು.

ಕತೆ ಮುಗಿಯೋ ಹೊತ್ತಿಗೆ ಬಸ್ ಏಜೆಂಟು ಓಡಿ ಬಂದ. "ಅಲ್ಲೊಬ್ಬ ಬಿಳಿ ಮಿಸ್ಸಮ್ಮ ಹಾಸಿಗೆ ಸುರುಳಿ ಮೇಲೆ ಕೂತವ್ರೆ ಕಣ್ರೀ! ಜೊತೇಲಿ ಆರು ಜನ. ಸುತ್ತ ಸಂತೆ ಸೇರೈತೆ!"

ಉಪದೇಶಿಗಳು ದೊರೆಯ ಕೊರಳಿಂದ ಹಾರ ಬಿಚ್ಕೊಂಡು ಅದನ್ನೇ ಹಿಡ್ಕೊಂಡು ಓಡಿದ್ರು. ಕಮ್ಮಾರ ಬಂದು ಅಚ್ಚು ಸರಿ ಮಾಡಿದ ಮೇಲೆ, ದೊರೆ ಹೊರಡುವಾಗ ಡ್ರೈವರ್ ಕೈಲಿ ನಂಗೆ ಹೇಳಿಸ್ದ, "ಹೋಟ್ಲು ಬೋ ಚೆನ್ನಾಗೈತೆ. ಊಟ ಆದ್ಮೇಲೆ ಭಾಷಣ ಮಾಡ್ಸೋದೊಂದು ಬುಟ್ಬುಡಿ."

೨. ಅಪ್ಪ ಏನು ಬಡಿಸ್ದ

ಆ ಕತೇಲಿ ಒಂದು ಕಷ್ಟ ಐತೆ. ಮಗ ಮನೆಗೆ ಬಂದಾಗ ಅಪ್ಪ ಕೊಬ್ಬಿದ ಕರು ಕೊಯ್ಸಿ ಊಟ ಹಾಕ್ದ ಅಂತ ಗ್ರಂಥದಲ್ಲೇ ಬರ್ದೈತೆ. ನಮ್ಮ ಕಡೆ ಬಸವಣ್ಣನಿಗೆ ಕೈ ಮುಗಿದು ನೇಗಿಲು ಹೂಡೋ ಜನ. ಕರು ಕೊಯ್ದ ಅಂದ್ರೆ ಮಗನ್ನೂ ಅಪ್ಪನ್ನೂ ಉಪದೇಶಿಗಳನ್ನೂ ಒಟ್ಟಿಗೇ ಓಡಿಸ್ತಾರೆ.

ಅದಕ್ಕೆ ಉಪದೇಶಿಗಳು ಊರು ನೋಡಿ ಊಟ ಬದಲಾಯಿಸೋರು. ಪಿರಿಯಾಪಟ್ಟಣದಲ್ಲಿ ಆ ಅಪ್ಪ ಒಬ್ಬಟ್ಟು ತುಪ್ಪ ಹಾಕ್ಸಿದ್ದ. ಕೋಟೆ ಕಡೆ ಕಾಡಂಚಿನ ಹಳ್ಳೀಲಿ ಬಿದಿರು ಕಳಲೆ ಪಲ್ಯ ಮಾಡ್ಸಿದ್ದ. ಅವರೆಕಾಯಿ ಕಾಲದಲ್ಲಿ ಹಿದಕಿದ ಬೇಳೆ ಸಾರು. ಜನ ಮಗ ಬಂದನಾ ಬಿಟ್ಟನಾ ಅಂತ ಕೇಳ್ತಿರಲಿಲ್ಲ, ಊಟಕ್ಕೆ ಏನು ಅಂತ ಕೇಳೋಕೇ ಬರೋರು. ಕೋಟೆ ಕಡೆಯೋನೊಬ್ಬ ನೇರವಾಗಿ ಕೇಳಿದ್ದ, "ಸ್ವಾಮಿ, ಇಷ್ಟು ಚೆನ್ನಾಗಿ ಹಾಕೋ ಹಂಗಿದ್ರೆ ನಮ್ಮ ಹುಡುಗನ್ನೂ ಒಂದ್ ಸಲ ಮನೆ ಬುಟ್ಟು ಓಡ್ಸೋಣ್ವಾ?"

೩. ಸುಣ್ಣದ ಸೇವೆ

ಮಾರನೇ ದಿನ ಮಿಸ್ಸಮ್ಮನ ಗುಂಪು ಕಟ್ಟೆಮಳಲವಾಡಿಗೆ ಹೋಯ್ತು, ಶಾಲೆಗೆ ಸುಣ್ಣ ಬಳಿಯೋಕೆ. ಮಿಸ್ಸಮ್ಮ ಉದ್ದಕ್ಕೆ ಬಿದಿರುಗಳದ ಹಂಗಿದ್ಲು. ಹೊಸದಾಗಿ ಸೀಮೆಯಿಂದ ಬಂದೋಳು, ಕನ್ನಡ ಒಂದಕ್ಷರ ಬರದು. ಸುಳ್ಳು ಹೇಳೋದು ಮಹಾಪಾಪ ಅಂತ ನಂಬಿದ್ಲು, ಅದೇ ನಂಗೆ ಭಯ. ಗುಂಪಿನಲ್ಲಿದ್ದ ಬೆಂಗಳೂರು ದಂಡು ಪ್ರದೇಶದ ಹುಡುಗಿಯೊಬ್ಬಳು ಅರ್ಧಂಬರ್ಧ ಕನ್ನಡದಲ್ಲಿ ಅವಳ ಮಾತು ನಮಗೆ ಹೇಳೋಳು.

ಇವರು ಬಕೆಟ್ಟು ಇಳಿಸಿದ್ರೋ ಇಲ್ವೋ, ಊರ ಯಜಮಾನರು ಓಡಿ ಬಂದ್ರು. "ಇದೇನು ಅನ್ಯಾಯ! ಮನೆಗೆ ಬಂದ ನೆಂಟ್ರ ಕೈಲಿ ಗೋಡೆ ಬಳಿಸಿದ್ರೆ ನಾಕೂರ ಜನ ನಮ್ಮ ಮಕಕ್ಕೆ ಉಗಿಯಾಕಿಲ್ವಾ?"

ಜಮಖಾನ ಬಂತು, ಮಜ್ಜಿಗೆ ಬಂತು, ರಸಬಾಳೆ ಗೊನೇನೇ ಬಂತು. ಗುಂಪನ್ನ ಹೊಂಗೆ ನೆರಳಲ್ಲಿ ಸಾಲಾಗಿ ಕೂರಿಸಿ, ಊರ ಗಂಡಸರೇ ಸುಣ್ಣ ಬಳಿಯೋಕೆ ನಿಂತ್ರು. ಮಿಸ್ಸಮ್ಮ ಎದ್ದು ಬ್ರಷ್ಷು ಕಿತ್ಕೊಂಡ್ರೆ, ಅವರು ಕೈ ಮುಗಿದು ವಾಪಸ್ಸು ಕಿತ್ಕೊಳ್ಳೋರು. ಹಿಂಗೇ ಮಧ್ಯಾಹ್ನದ ತನಕ ನಡೀತು. ಮಿಸ್ಸಮ್ಮನ ಮುಖ ಕೆಂಡ. ದಂಡಿನ ಹುಡುಗಿ ಹೇಳಿದ್ಲು, "ನಾನು ಕೆಲಸ ಮಾಡೋಕೆ ಸಮುದ್ರ ದಾಟಿ ಬಂದಿದ್ದೀನಿ, ಬಾಳೆಹಣ್ಣು ತಿನ್ನೋಕಲ್ಲ ಅಂತಾರೆ."

ಅಲ್ಲೇ ಕಡ್ಡಿಪುಡಿ ಅಗೀತಾ ಕೂತಿದ್ದ ಯಜಮಾನರ ತಾಯಿ, ಎಂಬತ್ತರ ಅಜ್ಜಿ, ನ್ಯಾಯ ತೀರಿಸಿದ್ಲು. "ನೆಂಟ್ರ ಕೈಲಿ ಗೇಯ್ಸಾಕಿಲ್ಲ ಕಣವ್ವ. ಗೇಯಲೇಬೇಕು ಅಂತ ಅಷ್ಟು ಆಸೆ ಇದ್ರೆ ಸೊಸೆಯಾಗಿ ಬರ್ಲಿ. ನನ್ನ ಮೊಮ್ಮಗ ಅವ್ನೆ."

ಮೊಮ್ಮಗ ಆಗಲೇ ಸುಣ್ಣದ ಕೈ ತೊಳ್ಕೊಂಡು ತಲೆ ಬಾಚ್ತಿದ್ದ. ಹುಡುಗಿ ಅಜ್ಜಿ ಮಾತನ್ನ ಇಂಗ್ಲಿಷಿಗೆ ತಿರುಗಿಸಿದ್ಲು. ಮಿಸ್ಸಮ್ಮ ಜಮಖಾನದ ಮೇಲೆ ಕೂತು ಇನ್ನೊಂದು ಬಾಳೆಹಣ್ಣು ಸುಲಿದ್ಲು.

೪. ಕದ್ದು ಹೋದ ಜೋಡಿ

ಕೃಷ್ಣರಾಜನಗರದಲ್ಲಿ ರೈಲ್ವೆ ಸ್ಟೇಷನ್ ಹತ್ರ ಕೀರ್ತನೆ ಹಾಡೋ ಕಾರ್ಯಕ್ರಮ. ಹಾಡು ಶುರು ಮಾಡಬೇಕು, ದಂಡಿನ ಹುಡುಗಿ ಇಲ್ಲ. ತಬಲ ಬಾರಿಸೋ ಹುಡುಗನೂ ಇಲ್ಲ. ಒಂದು ಗಂಡು, ಒಂದು ಹೆಣ್ಣು, ಒಂದೇ ಹೊತ್ತಿಗೆ ಮಾಯ! ಸುಳ್ಳು ಯಾಕೆ ಹೇಳ್ಲಿ, ನಂಗೆ ಒಳಗೊಳಗೇ ಹೋಳಿಗೆ ತಿಂದಂಗಾಯ್ತು. ಆಮೇಲೆ ನಾದಿನಿ ನೆನಪಾದ್ಲು. ಇದು ಮೈಸೂರಿಗೆ ಗೊತ್ತಾದ್ರೆ ಬೀಗ ಒಂದಲ್ಲ, ಎರಡು.

ಮಿಸ್ಸಮ್ಮನಿಗೆ ಹೇಳೋಣ ಅಂದ್ರೆ, ತಲೆನೋವು ಅಂತ ವೇಟಿಂಗ್ ರೂಮಿನಲ್ಲಿ ಮಲಗ್ತೀನಿ ಅಂದಿದ್ಲು. ಸದ್ಯ ಅಂದ್ಕೊಂಡು ಉಪದೇಶಿಗಳೂ ನಾನೂ ಹುಡುಕೋಕೆ ಹೊರಟ್ವಿ. ಪ್ಲಾಟ್‌ಫಾರಂ ನೋಡಿದ್ವಿ, ಗೂಡ್ಸ್ ಶೆಡ್ ಹಿಂದೆ ನೋಡಿದ್ವಿ. ಅಲ್ಲೊಂದು ಜೋಡಿ ಇತ್ತು, ಆದ್ರೆ ಅದು ಬೇರೆ ಜೋಡಿ, ಆ ಸುದ್ದಿ ಇನ್ನೊಂದು ದಿನದ್ದು.

ಕೊನೆಗೆ ಸಿಕ್ಕಿದ್ದು ಮಿಲಿಟರಿ ಹೋಟ್ಲಲ್ಲಿ. ಇಬ್ರೂ ಎಲೆ ಮುಂದೆ ತಲೆ ಬಗ್ಗಿಸಿ, ಕೋಳಿ ಸಾರಿನಲ್ಲಿ ಮುದ್ದೆ ಅದ್ದಿ, ಯಾವ ಪ್ರೇಮಿಗಳೂ ಒಬ್ರನ್ನೊಬ್ರು ನೋಡದ ಹಂಗೆ ಆ ಮುದ್ದೇನ ನೋಡ್ತಾವ್ರೆ.

ನಾನು ಸೊಂಟಕ್ಕೆ ಕೈ ಇಟ್ಟೆ. "ನನ್ನ ಅಡುಗೆ ಏನಾಗಿತ್ರೋ?"

ಹುಡುಗಿ ಅಳೋ ಹಂಗಾದ್ಲು. "ಅಮ್ಮಾ, ದಿನಾ ಬೇಯಿಸಿದ ಕುಂಬಳಕಾಯಿ..."

ಅದು ನನ್ನ ತಪ್ಪಾ? ಬಿಳೀ ಹೊಟ್ಟೆಗೆ ಕಾರ ಆಗಲ್ಲ, ಉಪ್ಪು ಬಿಟ್ಟು ಏನೂ ಹಾಕಬೇಡ ಅಂತ ಮೈಸೂರಿನ ದೊಡ್ಡ ಪಾದ್ರಿಗಳ ಹೆಂಡ್ತಿ ದೊಡ್ಡಮ್ಮಾವ್ರ ಅಪ್ಪಣೆ. ಇದ್ದ ಒಂದು ಹುಂಜನ್ನ ಆ ದೊರೆ ನುಂಗಿದ್ದ.

"ನಡೀರಿ, ಮಿಸ್ಸಮ್ಮನಿಗೆ ಹೇಳ್ತೀನಿ" ಅಂದೆ. ತಬಲದ ಹುಡುಗ ಬಾಯಿ ಮೇಲೆ ಬೆರಳಿಟ್ಟು, ಹೆಂಗಸರಿಗೆ ಅಂತ ಕಟ್ಟಿದ್ದ ಪರದೆ ಕಡೆ ತೋರಿಸ್ದ. ಪರದೆ ಸರಿಸಿದ್ರೆ, ಮಿಸ್ಸಮ್ಮ! ಮೊಣಕೈ ತನಕ ಸಾರು, ಕಣ್ಣು ಮೂಗಲ್ಲಿ ನೀರು, ಬಾಯಿ ತುಂಬ ಮುದ್ದೆ, ಎಮ್ಮೆ ಮೆಲುಕು ಹಾಕ್ದಂಗೆ ಅಗೀತಾವ್ಳೆ.

ನಂಗೆ ಬಂದ ಸಿಟ್ಟು ಹೇಳತೀರದು. ಕದ್ದು ತಿಂದಿದ್ದಕ್ಕಲ್ಲ. ಮುದ್ದೇನ ಯಾರಾದ್ರೂ ಅಗೀತಾರಾ? ಪಕ್ಕದಲ್ಲಿ ಕೂತು, ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲು ಮುಟ್ಟಿ ತೋರಿಸ್ದೆ: ಹಿಂಗೆ, ಗುಳುಕ್. ಎರಡನೇ ಮುದ್ದೆಗೆ ಕಲಿತ್ಲು. ಮೂರನೇದು ನಾನು ಹೇಳದೇನೇ ತರಿಸ್ಕೊಂಡ್ಲು. "ಮುದ್ದೆ" ಅನ್ನೋ ಮಾತೂ ಅವತ್ತೇ ಕಲಿತಿದ್ದು. ಆಮೇಲೆ ಕೀರ್ತನೆಗೆ ನಿಂತಾಗ ಅವಳ ಬಾಯಿಂದ ಹಾಡಿಗಿಂತ ಮುಂಚೆ ತೇಗು ಬಂತು.

೫. ಕೊನೇ ದಿನದ ಸಭೆ

ಕೊನೇ ದಿನ ಕಟ್ಟೆಮಳಲವಾಡಿ ಶಾಲೆ ಮುಂದೆ ಬೀಳ್ಕೊಡುಗೆ. ದೊಡ್ಡ ಪಾದ್ರಿಗಳು ಮೈಸೂರಿಂದ ಬಂದು ಕುರ್ಚಿ ಮೇಲೆ ಕೂತ್ರು. "ನಿಮ್ಮ ಅನುಭವ ಹೇಳಿ" ಅಂತ ಮಿಸ್ಸಮ್ಮನ್ನ ಎಬ್ಬಿಸಿದ್ರು. ಪಕ್ಕದಲ್ಲಿ ಉಪದೇಶಿಗಳು, ಕನ್ನಡಕ್ಕೆ ತಿರುಗಿಸೋಕೆ.

ಮಿಸ್ಸಮ್ಮ ಗಂಟಲು ಸರಿ ಮಾಡ್ಕೊಂಡು ಶುರು ಮಾಡಿದ್ಲು. ನನ್ನ ಪಕ್ಕ ಕೂತಿದ್ದ ದಂಡಿನ ಹುಡುಗಿ ಕಿವೀಲಿ ಹೇಳ್ತಾ ಹೋದ್ಲು. "ದೇವರ ಮುಂದೆ ಸುಳ್ಳು ಹೇಳಬಾರದು, ನಿಜ ಹೇಳ್ತೀನಿ ಅಂತಾರೆ... ಬಸ್ ಸ್ಟ್ಯಾಂಡಲ್ಲಿ ಯಾರೂ ಇರಲಿಲ್ಲ ಅಂತಾರೆ... ಒಂದು ಗೋಡೆನೂ ಬಳಿಯೋಕೆ ಬಿಡಲಿಲ್ಲ... ಕುಂಬಳಕಾಯಿ..."

ಮುದ್ದೆ ನುಂಗೋಕೆ ಕಲಿಸಿದ ಕೈಗೇ ಕೊಳ್ಳಿ! ಗಾವಡಗೆರೆ ದಾರಿ ನನ್ನ ಕಣ್ಣ ಮುಂದೆ ಬಂತು. ದಾರಿ ಕೊನೇಲಿ ನಾದಿನಿ, ಸೌಟಿನಲ್ಲಿ ನೀರು ಹಿಡ್ಕೊಂಡು.

ಉಪದೇಶಿಗಳಿಗೆ ಇದ್ಯಾವುದರ ಗಾಳಿಯೂ ಇಲ್ಲ. ಕೋಟಿನ ಗುಂಡಿ ಹಾಕ್ಕೊಂಡು, "ಒಬ್ಬ ಯಜಮಾನನಿಗೆ ಇಬ್ಬರು ಮಕ್ಕಳು" ಅಂತ ಶುರು ಹಚ್ಕೊಂಡ್ರು. ದೊಡ್ಡ ಪಾದ್ರಿಗಳ ಒಂದು ಕಿವಿಗೆ ಕುಂಬಳಕಾಯಿ, ಇನ್ನೊಂದು ಕಿವಿಗೆ ತಪ್ಪಿಹೋದ ಮಗ. ಕನ್ನಡಕ ತೆಗೆದ್ರು, ಒರೆಸಿದ್ರು, ಹಾಕ್ಕೊಂಡ್ರು. ಮಗ ಹಂದಿ ಕಾಯೋ ಹೊತ್ತಿಗೆ ಜನ ಕಣ್ಣೊರೆಸ್ಕೊಂತಿದ್ರು. ಅದನ್ನ ಕಂಡು, ತನ್ನ ಕಷ್ಟಕ್ಕೇ ಅಳ್ತಾವ್ರೆ ಅಂದ್ಕೊಂಡು ಮಿಸ್ಸಮ್ಮನೂ ಮೂಗೊರೆಸ್ಕೊಂಡ್ಲು.

ಮಗ ಮನೆಗೆ ಬಂದ. ಅಪ್ಪ ತಬ್ಬಿಕೊಂಡ. "ಆಮೇಲೆ ಅಪ್ಪ ಆಳುಗಳನ್ನ ಕರೆದು..." ಅಂದ ಉಪದೇಶಿಗಳು ಅಲ್ಲೇ ನಿಂತುಬಿಟ್ರು. ಎದುರಿಗೆ ಬಸವಣ್ಣನ ಜನ, ಪಕ್ಕದಲ್ಲಿ ಗ್ರಂಥ ಬಾಯಿಪಾಠ ಬರೋ ದೊಡ್ಡ ಪಾದ್ರಿಗಳು. ಕರು ಅಂದ್ರೆ ಊರು ಹೊಡೀತದೆ, ಒಬ್ಬಟ್ಟು ಅಂದ್ರೆ ಮೈಸೂರು ಹೊಡೀತದೆ. ಬೆವರು ಕಾಲರಿಗೆ ಇಳೀತು.

ಮುಂದಿನ ಸಾಲಲ್ಲಿದ್ದ ಆ ಅಜ್ಜಿ ತಡೀಲಾರದೆ ಕೇಳಿದ್ಲು, "ಅದ್ಯಾಕ್ ನಿಲ್ಸುಬುಟ್ರಿ? ಊಟಕ್ಕೆ ಏನ್ ಮಾಡ್ಸಿದ್ದ, ಅದ ಹೇಳಿ ಮತ್ತೆ!"

ಜನವೆಲ್ಲ, "ಹೇಳಿ ಸ್ವಾಮಿ, ಊಟಕ್ಕೇನು?" ಅಂದ್ರು.

ಏನು ಕೇಳ್ತಾವ್ರೆ ಅಂತ ಮಿಸ್ಸಮ್ಮ ನಮ್ಮ ಕಡೆ ನೋಡಿದ್ಲು. ದಂಡಿನ ಹುಡುಗಿ ಇಂಗ್ಲಿಷಿನಲ್ಲಿ, ಯಾವ ಊಟ ಚೆನ್ನಾಗಿತ್ತು ಅಂತ ಕೇಳ್ತಾವ್ರೆ ಅಂದುಬುಟ್ಲು. ಬೇಕೂ ಅಂತ ಅಂದ್ಲೋ, ಬಾಯ್ತಪ್ಪಿ ಅಂದ್ಲೋ, ಇವತ್ತಿಗೂ ನಂಗೆ ಗೊತ್ತಿಲ್ಲ. ಮಿಸ್ಸಮ್ಮನ ಮುಖ ಅರಳ್ತು. ದೇವರ ಮುಂದೆ ನಿಜ ಹೇಳೋಳಲ್ವಾ! ಒಂದು ಹೆಜ್ಜೆ ಮುಂದೆ ಬಂದು, ಶಾಲೆ ಹೆಂಚು ನಡುಗೋ ಹಂಗೆ ಕೂಗಿದ್ಲು:

"ಮುದ್ದೆ!"

ಅಷ್ಟೇ ಅಲ್ಲ, ತುತ್ತು ಮುರಿಯೋ ಹಂಗೆ ಮುರಿದು, ಅದ್ದೋ ಹಂಗೆ ಅದ್ದಿ, ಕತ್ತು ಎತ್ತಿ ಗುಳುಕ್ ಅನ್ನಿಸಿ ತೋರಿಸಿದ್ಲು.

ಆ ಚಪ್ಪಾಳೆ, ಆ ಶಿಳ್ಳೆ! ಅಜ್ಜಿ ಎದ್ದು ಮಿಸ್ಸಮ್ಮನಿಗೆ ನೆಟಿಗೆ ಮುರಿದ್ಲು. "ಅಪ್ಪ ಅಂದ್ರೆ ಅವ್ನು ಕಣ್ಲಾ! ಒಬ್ಬಟ್ಟಾದ್ರೆ ಹಬ್ಬಕ್ಕೆ ಬಂದೋರಿಗೂ ಹಾಕ್ತಾರೆ. ಮನೆ ಮಗನಿಗೆ ಮುದ್ದೇನೇಯ." ಯಜಮಾನರು ಅಲ್ಲೇ ಮೂರು ಕಲ್ಲು ಹೂಡಿಸಿ, ಹುರುಳಿ ಕಟ್ಟಿನ ಸಾರಿಗೆ ಹೇಳಿದ್ರು.

ದೊಡ್ಡ ಪಾದ್ರಿಗಳು ಎದ್ರು. "ಉಪದೇಶಿಗಳೇ," ಅಂದ್ರು, "ಗ್ರಂಥದಲ್ಲಿ ಕೊಬ್ಬಿದ ಕರು ಇತ್ತಲ್ಲವೇ?"

ಉಪದೇಶಿಗಳು ಕೈ ಮುಗಿದ್ರು. "ಇತ್ತು ಅಯ್ಯನೋರೇ. ಈ ಊರಿಗೆ ಬರೋ ಹೊತ್ತಿಗೆ ಹಟ್ಟಿಗೆ ವಾಪಸ್ಸು ಹೋಯ್ತು."

ದೊಡ್ಡ ಪಾದ್ರಿಗಳು ನಕ್ಕ ನಗೆಗೆ ಕುರ್ಚಿ ಕಿರುಗುಟ್ತು. "ಮಿಸ್ಸಮ್ಮ ಹೇಳಿದ ದೂರು ನನಗೊಬ್ಬನಿಗೇ ಕೇಳಿಸಿತು. ಈ ಚಪ್ಪಾಳೆಯಲ್ಲಿ ನಾನೂ ಮರೆತೆ. ಬಂಗಲೆ ಇರಲಿ. ಕುಂಬಳಕಾಯಿ ಸಾಕು" ಅಂದ್ರು. ನಾನು ಮನಸ್ಸಿನಲ್ಲೇ ನಾದಿನಿ ಕೈಯಿಂದ ಸೌಟು ಕಿತ್ಕೊಂಡು ಎಸೆದೆ.

ಎಲೆ ಹಾಕಿದ್ರು. ದೊಡ್ಡ ಪಾದ್ರಿಗಳು ಒಂದು ತುತ್ತು ಬಾಯಿಗಿಟ್ಟು ಅಗಿಯೋಕೆ ಹೋದ್ರು. ಪಕ್ಕದಲ್ಲಿದ್ದ ಮಿಸ್ಸಮ್ಮ ಅವರ ಕೈ ಹಿಡ್ಕೊಂಡು, ತಲೆ ಅಲ್ಲಾಡಿಸಿ, ಗಂಟಲು ಮುಟ್ಟಿ ತೋರಿಸಿದ್ಲು.

ಅವರ ಹುಬ್ಬು ಮೇಲೆ ಹೋಯ್ತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ್ರು, "ಬಂಗಲೆಯಲ್ಲಿ ಬರೀ ಕುಂಬಳಕಾಯಿ ಅಂದರಲ್ಲ, ಇವರು ಇದನ್ನು ಎಲ್ಲಿ ಕಲಿತರಮ್ಮ?"

ಮಿಸ್ಸಮ್ಮನ ಕಡೆ ನೋಡ್ದೆ. ಸುಳ್ಳು ಹೇಳದ ಬಾಯಿ ತುಂಬ ಮುದ್ದೆ ಇತ್ತು.

"ತಲೆನೋವಿಗೆ ಕೊಟ್ಟಿದ್ದು ಅಯ್ಯನೋರೇ," ಅಂದೆ. "ಮೂರು ನುಂಗಿದ ಮೇಲೆ ವಾಸಿಯಾಯ್ತು."